ಗಾಯಕರು ದಾಟಿದ ಗಡಿ, ಕಂಪನಿಗಳು ದಾಟದ ಗಡಿ

ಬೆಳಗಾವಿ ಜಿಲ್ಲೆಯ ಮೂವರನ್ನು ಒಟ್ಟಿಗೆ ನೆನೆಯೋಣ. 1843ರಲ್ಲಿ ಗುರ್ಲಹೊಸೂರಿನಲ್ಲಿ ಹುಟ್ಟಿದ ಬಳವಂತ ಪಾಂಡುರಂಗ ಕಿರ್ಲೋಸ್ಕರ, ಅಂದರೆ ಅಣ್ಣಾಸಾಹೇಬರು, ಪುಣೆಯಲ್ಲಿ ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದರು. 1924ರಲ್ಲಿ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಂಕಾಳಿಮಠರನ್ನು ಇಡೀ ದೇಶ ಕುಮಾರ ಗಂಧರ್ವ ಎಂದು ಗುರುತಿಸಿತು. 1914ರಲ್ಲಿ ಹುಟ್ಟಿ ನೂರು ದಾಟಿ ಬಾಳಿದ ಏಣಗಿ ಬಾಳಪ್ಪನವರು ಬಣ್ಣ ಹಚ್ಚುತ್ತ, ಹಾಡುತ್ತ, ಕಂಪನಿ ನಡೆಸುತ್ತ ಉತ್ತರ ಕರ್ನಾಟಕದ ರಂಗಭೂಮಿಯನ್ನೇ ಹೆಗಲ ಮೇಲೆ ಹೊತ್ತವರು. ಮೊದಲಿಬ್ಬರಿಗೆ ಪುಣೆ-ಮುಂಬೈಗಳಲ್ಲಿ ದೊರೆತ ತೂಕ ಮೂರನೆಯವರಿಗೆ ದೊರೆಯಲಿಲ್ಲ. ಪ್ರತಿಭೆಯ ಹೆಚ್ಚುಕಡಿಮೆಯಿಂದ ಹಾಗಾಯಿತೆಂದು ಬಾಳಪ್ಪನವರನ್ನು ರಂಗದ ಮೇಲೆ ಕಂಡವರಾರೂ ಹೇಳಲಾರರು. ಹಾಗಾದರೆ ಒಂದೇ ಮಣ್ಣಿನ ಗಾಯಕರು ಗೆದ್ದ ಪೇಟೆಯನ್ನು ನಾಟಕ ಕಂಪನಿಗಳು ಏಕೆ ಗೆಲ್ಲಲಿಲ್ಲ?

ಭಾಷೆ ಬೇರೆ ಎಂಬ ಉತ್ತರ ಥಟ್ಟನೆ ನಾಲಿಗೆಗೆ ಬರುತ್ತದೆ. ಆ ಉತ್ತರ ಎಷ್ಟರ ಮಟ್ಟಿಗೆ ಸಾಲದು ಎಂಬುದನ್ನು ನೋಡಲು ಒಂದೇ ಭಾಷೆಯ ಎರಡು ದೇಶಗಳ ಕಡೆ ತಿರುಗಬೇಕು. ಬ್ರಿಟನ್ನಿನ ರಾಕ್ ತಂಡಗಳು ಅಮೆರಿಕದಲ್ಲಿ ಎಡವಿದ ಚರಿತ್ರೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಕ್ಲಿಫ್ ರಿಚರ್ಡ್ 1960ರಲ್ಲೇ ಅಮೆರಿಕದಲ್ಲಿ ಊರೂರು ಸುತ್ತಿ ಹಾಡಿದರೂ ಅವರ ಹಾಡು ಅಲ್ಲಿನ ಮೊದಲ ಹತ್ತರೊಳಗೆ ಬಂದದ್ದು 1976ರಲ್ಲಿ. ಸ್ಲೇಡ್ ತಂಡ 1971ರಿಂದ 1973ರೊಳಗೆ ಸ್ವದೇಶದಲ್ಲಿ ಆರು ಹಾಡುಗಳನ್ನು ಮೊದಲ ಸ್ಥಾನಕ್ಕೆ ಏರಿಸಿತ್ತು. 1975ರಲ್ಲಿ ಅಮೆರಿಕಕ್ಕೇ ಹೋಗಿ ನೆಲೆಸಿದರೂ ಆ ಜನಪ್ರಿಯತೆಯ ಕಾಲುಭಾಗವೂ ದಕ್ಕಲಿಲ್ಲ. ಕಿಂಕ್ಸ್ ತಂಡದ ಕಥೆ ಇನ್ನೂ ಒಣ ಕಾರಣದ್ದು. 1965ರ ಪ್ರವಾಸದ ನಂತರ ಅಮೆರಿಕದ ವಾದ್ಯಗಾರರ ಒಕ್ಕೂಟ ಅವರಿಗೆ ಪರವಾನಗಿ ಕೊಡಲಿಲ್ಲ, 1969ರವರೆಗೆ ಅವರು ಅಲ್ಲಿ ವೇದಿಕೆ ಹತ್ತಲಾಗಲಿಲ್ಲ. ಬ್ರಿಟಿಷ್ ಹಾಡಿಗೆ ಅಮೆರಿಕದ ಬಾಗಿಲು ಎಂದಿಗಿಂತ ಹೆಚ್ಚು ತೆರೆದಿದ್ದ ವರ್ಷಗಳೇ ಅವು.

ಬೀಟಲ್ಸ್ ತಂಡಕ್ಕೂ ಮೊದಲು ಆದದ್ದು ನಿರಾಕರಣೆಯೇ. ಅವರ ಪ್ಲೇಟು ಹೊರತರುತ್ತಿದ್ದ ಇಎಂಐ ಸಂಸ್ಥೆಯದೇ ಅಮೆರಿಕನ್ ಶಾಖೆಯಾದ ಕ್ಯಾಪಿಟಲ್, ಆರಂಭದ ಹಾಡುಗಳನ್ನು ಬೇಡವೆಂದಿತ್ತು. 1963ರ ಕೊನೆಗೆ ಅದೇ ಕಂಪನಿ ಹಣ ಸುರಿದು ಪ್ರಚಾರಕ್ಕೆ ನಿಂತಿತು. 1964ರ ಫೆಬ್ರವರಿ 9ರಂದು ಟಿವಿಯಲ್ಲಿ ಅವರು ಕಾಣಿಸಿಕೊಂಡಾಗ ದೇಶ ಮರುಳಾಯಿತು. ಹಾಡು ಬದಲಾಗಿರಲಿಲ್ಲ, ಹಾಡನ್ನು ಸಾಗಿಸುವ ಏರ್ಪಾಟು ಬದಲಾಗಿತ್ತು. ಲೆಡ್ ಝೆಪೆಲಿನ್ ತಂಡ 1968ರ ಡಿಸೆಂಬರಿನಲ್ಲಿ, ಮೊದಲ ಆಲ್ಬಂ ಪೇಟೆಗೆ ಬರುವ ಮುನ್ನವೇ, ಅಮೆರಿಕದ ಊರೂರು ಸುತ್ತತೊಡಗಿತ್ತು. ಬ್ರಿಟನ್ನಿನಲ್ಲಿ ಬಿಬಿಸಿ ಒಂದನ್ನು ಒಲಿಸಿಕೊಂಡರೆ ನಾಡೇ ಕೇಳುತ್ತಿತ್ತು. ಅಮೆರಿಕದಲ್ಲಿ ಪ್ರತಿ ಊರಿಗೂ ಬೇರೆ ಸ್ಟೇಷನ್, ಬೇರೆ ಯಜಮಾನ, ಬೇರೆ ರುಚಿ. ಬಸ್ಸಿನಲ್ಲಿ ತಿಂಗಳುಗಟ್ಟಲೆ ಸುತ್ತುವ ತಾಳ್ಮೆ ಇಲ್ಲದವರು ಸೋತರು. 'ಅಮೆರಿಕನ್ನರಿಗೆ ಇಂಗ್ಲಿಷ್ ಹಾಸ್ಯ ತಿಳಿಯುವುದಿಲ್ಲ' ಎಂಬಂಥ ಸಂಸ್ಕೃತಿಯ ವಿವರಣೆಗಳು ಕೇಳಲು ರಂಜನೀಯ, ಆದರೆ ಬಹುಪಾಲು ಆಲಸ್ಯದವು.

ಈ ಕನ್ನಡಿಯನ್ನು ಹಿಡಿದು ಬೆಳಗಾವಿಗೆ ಬರೋಣ.

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಬಳಿಯ ಕರ್ಕಿಯ ಭಾಗವತ ಮೇಳ 1842ರಲ್ಲಿ ಸಾಂಗಲಿಗೆ ಹೋಗಿ ಆಡಿತು. ನೋಡಿದ ಸಂಸ್ಥಾನಿಕ ಚಿಂತಾಮಣರಾವ ಪಟವರ್ಧನರು ಅಂಥದೊಂದನ್ನು ಮರಾಠಿಯಲ್ಲಿ ಕಟ್ಟುವಂತೆ ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರ ನವೆಂಬರ್ 5ರಂದು 'ಸೀತಾ ಸ್ವಯಂವರ' ಆಯಿತು. ಆ ದಿನವನ್ನು ಮಹಾರಾಷ್ಟ್ರ ಇಂದಿಗೂ ರಂಗಭೂಮಿ ದಿನವೆಂದು ಆಚರಿಸುತ್ತದೆ. ಇಲ್ಲಿ ಗಮನಿಸಬೇಕಾದದ್ದು ರಾಜನ ನಿರ್ಧಾರ. ಕರ್ಕಿಯವರನ್ನೇ ವರ್ಷವರ್ಷ ಕರೆಸುವ ಬದಲು ಅವರ ಕಟ್ಟೋಣವನ್ನು ಸ್ಥಳೀಯರ ಕೈಗೆ ಕೊಟ್ಟ. ಕಲೆ ದಾಟಿತು, ಮೇಳ ಹಿಂದಿರುಗಿತು. ಮುಂದಿನ ನೂರು ವರ್ಷ ಕನ್ನಡ ರಂಗಭೂಮಿಗೆ ಉತ್ತರದ ದಿಕ್ಕಿನಲ್ಲಿ ಆದದ್ದು ಹೆಚ್ಚುಕಡಿಮೆ ಇದೇ.

ಕಿರ್ಲೋಸ್ಕರರು 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ 'ಸಂಗೀತ ಶಾಕುಂತಲ'ವನ್ನು, 1882ರಲ್ಲಿ 'ಸೌಭದ್ರ'ವನ್ನು ರಂಗಕ್ಕೆ ತಂದರು. ಅವರ ನಾಟಕಗಳಲ್ಲಿ ಕನ್ನಡ ಮಟ್ಟುಗಳಿದ್ದವು, ಮಾತು ಮರಾಠಿಯದು. ಗುರ್ಲಹೊಸೂರಿನ ಇನ್ನೊಬ್ಬ ಕಿರ್ಲೋಸ್ಕರ, ಲಕ್ಷ್ಮಣರಾವ್, 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ನೇಗಿಲು ಮಾಡಲು ಕಲಿತು, 1910ರಲ್ಲಿ ಕಾರ್ಖಾನೆಯನ್ನು ಈಗಿನ ಕಿರ್ಲೋಸ್ಕರವಾಡಿಗೆ ಒಯ್ದರು. ನಾಟಕವೂ ಕಬ್ಬಿಣವೂ ಒಂದೇ ಊರಿನಿಂದ ಹೊರಟು ಬಂಡವಾಳ ಇದ್ದ ಕಡೆ ಸೇರಿಕೊಂಡವು. ಖಾನಾಪುರ ರಸ್ತೆಯ ಉದ್ಯಮಬಾಗದಲ್ಲಿ ಇಂದು ಫೌಂಡ್ರಿಗಳ ಸಾಲು ನೋಡುವವರಿಗೆ ಕಬ್ಬಿಣದ ಕೆಲಸ ತಡವಾಗಿಯಾದರೂ ಈ ಊರಿಗೆ ಮರಳಿತು ಎನ್ನಿಸಬಹುದು. ನಾಟಕದ ಬಂಡವಾಳ ಹಾಗೆ ಮರಳಲಿಲ್ಲ.

ಕಂಪನಿ ನಾಟಕದ ಲೆಕ್ಕಾಚಾರವನ್ನೇ ತೆಗೆದುಕೊಳ್ಳಿ. ಪಾತ್ರಧಾರಿಗಳು, ಪೇಟಿ-ತಬಲಾದವರು, ಪರದೆ ಬರೆಯುವವರು, ಅಡುಗೆಯವರು, ಅವರ ಸಂಸಾರಗಳು ಎಲ್ಲ ಸೇರಿದರೆ ಅದೊಂದು ಸಣ್ಣ ಊರು. ಊರಿನಲ್ಲಿ ಕ್ಯಾಂಪ್ ಹಾಕಿದ ಮೇಲೆ ವಾರಗಟ್ಟಲೆ ಕಲೆಕ್ಷನ್ ಬರಬೇಕು. ಬರದಿದ್ದರೆ ಸಾಮಾನು ಅಡವಿಟ್ಟು ಹೊರಡಬೇಕು. ಅಪರಿಚಿತ ಊರಿನಲ್ಲಿ ಮೊದಲ ಎರಡು ವಾರ ಖಾಲಿ ಥಿಯೇಟರಿಗೆ ಆಡಿ ಹೆಸರು ಗಳಿಸೋಣವೆಂದರೆ ಅಷ್ಟು ದಿನ ಅನ್ನ ಹಾಕುವವರು ಯಾರು? ಮರಾಠಿ ಕಂಪನಿಗಳಿಗೆ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಲ್ಲಿ ಈ ಕಷ್ಟ ಇರಲಿಲ್ಲ. ಮುಂಬೈ ಪ್ರಾಂತದ ಕಚೇರಿ-ಶಾಲೆಗಳ ಜನ ಮರಾಠಿ ಬಲ್ಲವರು, ಟಿಕೀಟು ಕೊಳ್ಳುವ ವರ್ಗವೂ ಅವರೇ. ಕೇಶವರಾವ್ ಭೋಸಲೆಯವರ ಪ್ರಸಿದ್ಧ 'ಲಲಿತಕಲಾದರ್ಶ' ಮಂಡಳಿ 1908ರಲ್ಲಿ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ! ಮರಾಠಿಯ ಮೊದಲ ಸಾಲಿನ ಕಂಪನಿಯೊಂದಕ್ಕೆ ಕನ್ನಡದ ಊರು ತವರಾಗಬಲ್ಲದಾಗಿತ್ತು. ಕನ್ನಡ ಕಂಪನಿಯೊಂದು ಪುಣೆಯಲ್ಲಿ ಹುಟ್ಟುವುದನ್ನು ಊಹಿಸುವುದೂ ಕಷ್ಟ.

ಈ ಒಮ್ಮುಖ ಸಂಚಾರವನ್ನು ಕಂಡು ಕೆರಳಿದವರಲ್ಲಿ ಮೊದಲಿಗರು ಶಾಂತಕವಿ, ಸಕ್ಕರಿ ಬಾಳಾಚಾರ್ಯರು. 1870ರ ದಶಕದಲ್ಲಿ ಗದಗಿನಲ್ಲಿ ಮಂಡಳಿ ಕಟ್ಟಿ 'ಉಷಾಹರಣ'ದಂಥ ನಾಟಕ ಬರೆದಾಗ ಅವರ ಗುರಿ ಪುಣೆಯನ್ನು ಗೆಲ್ಲುವುದಾಗಿರಲಿಲ್ಲ, ಗದಗನ್ನು ಉಳಿಸಿಕೊಳ್ಳುವುದಾಗಿತ್ತು. ಮುಂದೆ ಶಿರಹಟ್ಟಿ, ಕೊಣ್ಣೂರು ಕಂಪನಿಗಳು, ಗರುಡ ಸದಾಶಿವರಾಯರ ಮಂಡಳಿ, ವಾಮನರಾವ್ ಮಾಸ್ತರರ 'ವಿಶ್ವಗುಣಾದರ್ಶ' ಎಲ್ಲವೂ ಇದೇ ಹೋರಾಟವನ್ನು ಮುಂದುವರಿಸಿದವು. ಮನೆಯಂಗಳವನ್ನು ಕಾಯುವುದರಲ್ಲೇ ಶಕ್ತಿ ವ್ಯಯವಾದ ರಂಗಭೂಮಿ ಹೊರಗೆ ದಂಡೆತ್ತಿ ಹೋಗಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಗಾಯಕನ ಲೆಕ್ಕವೇ ಬೇರೆ. ತಂಬೂರಿ, ಒಬ್ಬ ಸಾಥಿದಾರ, ಒಂದು ರೈಲು ಟಿಕೀಟು. ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ ಪುಣೆಯಿಂದ ಮೀರಜ, ಬೆಳಗಾವಿ, ಖಾನಾಪುರ, ಲೋಂಡಾ ದಾಟಿ ಧಾರವಾಡ-ಹುಬ್ಬಳ್ಳಿ ಮುಟ್ಟುತ್ತಿತ್ತು. ಮೀರಜದಲ್ಲಿ ತಂಬೂರಿ ಮಾಡುವ ಕುಶಲಿಗರು, ಅಲ್ಲೇ ನೆಲೆಸಿದ ಅಬ್ದುಲ್ ಕರೀಂ ಖಾನರು. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕೆಲಕಾಲ ಸಂಗೀತ ಕಲಿಸಿದ ಭಾಸ್ಕರಬುವಾ ಬಖಲೆ. ಈ ಹಳಿಯ ಮೇಲೆ ಉಸ್ತಾದರು ದಕ್ಷಿಣಕ್ಕೆ, ಶಿಷ್ಯರು ಉತ್ತರಕ್ಕೆ ಓಡಾಡಿದರು. ಗಾಯಕ ಖಾಲಿ ಸಭೆಗೆ ಹಾಡಬೇಕಾದ ಭಯವೂ ಕಡಿಮೆ. ಗುರುವಿನ ಹೆಸರು ಮುಂದೆ ಹೋಗಿ ಬೈಠಕ್ ಸಜ್ಜು ಮಾಡಿರುತ್ತಿತ್ತು. ಗಣೇಶೋತ್ಸವದ ಮಂಡಳಿಗಳಿಗೆ ಪ್ರತಿ ವರ್ಷ ಹೊಸ ಕಂಠ ಬೇಕಿತ್ತು.

ಕುಂದಗೋಳದ ರಾಮಚಂದ್ರ, 1886ರಲ್ಲಿ ಹುಟ್ಟಿದ ಕನ್ನಡಿಗ, ಕರೀಂ ಖಾನರಲ್ಲಿ ಕಲಿತು ಮರಾಠಿ ನಾಟಕಗಳಲ್ಲಿ ಸ್ತ್ರೀಪಾತ್ರ ಮಾಡಿ 'ಸವಾಯಿ ಗಂಧರ್ವ' ಎನ್ನಿಸಿಕೊಂಡರು. ಮರಾಠಿ ರಂಗದ ಹೆಸರಾಂತ ಗಾಯಕನಟ ಬಾಲಗಂಧರ್ವರಿಗಿಂತ ಒಂದು ಕೈ ಮೇಲು ಎಂಬ ಹೊಗಳಿಕೆ ಆ ಬಿರುದಿನಲ್ಲೇ ಇದೆ. ಬಿಲಗಿಯ ಅಮೀರಬಾಯಿ ಮತ್ತು ಗೋಹರಬಾಯಿ ಕರ್ನಾಟಕಿ ಸೋದರಿಯರ ಉದಾಹರಣೆ ನನ್ನ ವಾದಕ್ಕೆ ಇನ್ನೂ ಹತ್ತಿರದ್ದು. ಇಬ್ಬರೂ ಕನ್ನಡ ಕಂಪನಿಯಿಂದ ಬಂದವರು. ಅಮೀರಬಾಯಿ ಮುಂಬೈ ಚಿತ್ರರಂಗ ಸೇರಿ 1943ರ 'ಕಿಸ್ಮತ್' ಹೊತ್ತಿಗೆ ದೇಶದ ಕಂಠವಾದರು. ಗೋಹರಬಾಯಿ ಬಾಲಗಂಧರ್ವರ ಕಂಪನಿಯಲ್ಲಿ ನಾಯಕಿಯ ಸ್ಥಾನಕ್ಕೇರಿದರು. ಅವರನ್ನು ಬೆಳೆಸಿದ ಕಂಪನಿ ಉಳಿದಲ್ಲೇ ಉಳಿಯಿತು, ಹಾಡುವ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ದಾಟಿದರು.

ಗ್ರಾಮೋಫೋನಿನ ಪಾತ್ರವನ್ನು ಇಲ್ಲಿ ಎಷ್ಟು ಹೇಳಿದರೂ ಹೆಚ್ಚಲ್ಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಎದುರು ಹಾಡಿದ ಬಾಲಕಿ ಗಂಗೂಬಾಯಿ ಹಾನಗಲ್ಲರು, ಎಂಟು-ಹತ್ತು ವರ್ಷಗಳಲ್ಲೇ ಎಚ್‌ಎಂವಿಯ ಮುಂಬೈ ಶಾಖೆಯ ಪ್ಲೇಟುಗಳಲ್ಲಿ 'ಗಾಂಧಾರಿ' ಎಂಬ ಹೆಸರಿನಿಂದ ಮನೆಮನೆಗೆ ಹೋದರು. ಜಿ. ಎನ್. ಜೋಶಿಯವರೊಂದಿಗೆ ಮರಾಠಿ ಯುಗಳಗೀತೆಗಳನ್ನೂ ಹಾಡಿದರು. 1931ರ ವಿಲೀನದಿಂದ ಆ ಎಚ್‌ಎಂವಿ ಸೇರಿದ್ದು ಇಎಂಐ ಎಂಬ ಅದೇ ಮನೆತನಕ್ಕೆ, ಮೂವತ್ತು ವರ್ಷಗಳ ಮೇಲೆ ಯಾರ ಅಮೆರಿಕನ್ ಶಾಖೆ ಬೀಟಲ್ಸ್ ಬೇಡವೆಂದಿತೋ ಅದಕ್ಕೆ. ಒಂದು ಶಾಖೆ ಲಿವರ್‌ಪೂಲಿನ ಹುಡುಗರನ್ನು ಬಾಗಿಲಲ್ಲಿ ನಿಲ್ಲಿಸಿತು, ಇನ್ನೊಂದು ಹುಬ್ಬಳ್ಳಿಯ ಹುಡುಗಿಯನ್ನು ಮುಂಬೈಗೆ ಕರೆಸಿಕೊಂಡಿತು. ನಾಟಕಕ್ಕೆ ಇಂಥ ಯಂತ್ರ ಒದಗಲಿಲ್ಲ. ಮೂರು ನಿಮಿಷದ ಪ್ಲೇಟಿನಲ್ಲಿ ಒಂದು ಬಂದಿಶ್ ಹಿಡಿಸುತ್ತದೆ. ರಾತ್ರಿಯಿಡೀ ನಡೆಯುವ ಕಂಪನಿ ನಾಟಕ ಹಿಡಿಸುವುದಿಲ್ಲ.

ಭಾಷೆಯನ್ನು ಹಾಗಾದರೆ ಲೆಕ್ಕದಿಂದ ಬಿಡಬೇಕೆ? ಬಿಡಲಾಗದು. ಖಯಾಲಿನ ಚೀಜುಗಳು ಬ್ರಜ್ ಭಾಷೆಯವು, ಕನ್ನಡಿಗನಿಗೂ ಮರಾಠಿಗನಿಗೂ ಸಮಾನ ದೂರ. ಆ ಸಮಾನ ದೂರವೇ ಗಾಯಕನನ್ನು ಕಾಪಾಡಿತು. ಆದರೆ ಖಯಾಲು ಗೌರವ ಕೊಡುತ್ತದೆಯೇ ಹೊರತು ಜನಪ್ರಿಯತೆ ಕೊಡುವುದಿಲ್ಲ; ಅದಕ್ಕೆ ಆ ನಾಡಿನ ನಾಲಿಗೆಯ ಮೇಲಿರುವ ಹಾಡೇ ಬೇಕು. ಗದಗಿನ ಭೀಮಸೇನ ಜೋಶಿ ಪುಣೆಯಲ್ಲಿ ನೆಲೆಸಿ, 1953ರಿಂದ ಗುರು ಸವಾಯಿ ಗಂಧರ್ವರ ಹೆಸರಿನ ಉತ್ಸವ ನಡೆಸಿ, 'ಸಂತವಾಣಿ'ಯಲ್ಲಿ ಅಭಂಗಗಳನ್ನು ಹಾಡಿ ಮಹಾರಾಷ್ಟ್ರದ ಮನೆಮಗನಾದರು. ಹಳೇ ಮೈಸೂರಿನಲ್ಲಿ ಅವರಿಗೆ ಇನ್ನೊಂದು ಗಡಿ ಎದುರಾಯಿತು. ಮೈಸೂರಿನ ಅರಮನೆ ನತ್ಥನ್ ಖಾನರಂಥ ಹಿಂದೂಸ್ತಾನಿ ಉಸ್ತಾದರನ್ನು ಆದರಿಸಿತ್ತು ನಿಜ. ಆದರೆ ಅದು ದರಬಾರಿನ ರುಚಿ. ಬೀದಿಯ ಕಿವಿ ಕರ್ನಾಟಕ ಸಂಗೀತದ್ದು, ನಾಟಕವೆಂದರೆ ಗುಬ್ಬಿ ಕಂಪನಿ. ಭಾಷೆ ಒಂದೇ ಆಗಿದ್ದೂ ಉತ್ತರದ ಗಾಯಕನಿಗೆ ಬೆಂಗಳೂರು ಪುಣೆಗಿಂತ ದೂರದ ಊರಾಗಿತ್ತು. ಸ್ಲೇಡ್ ತಂಡಕ್ಕೆ ಅಮೆರಿಕ ಇದ್ದಂತೆಯೇ ಇದು. 1966ರ 'ಸಂಧ್ಯಾರಾಗ' ಚಿತ್ರದ ಹಾಡು, ಆಮೇಲೆ ದಾಸರ ಪದಗಳ 'ದಾಸವಾಣಿ', ಬೆಂಗಳೂರಿನ ರಾಮನವಮಿ ಚಪ್ಪರಗಳು ಆ ದೂರವನ್ನು ಕಡಿಮೆ ಮಾಡಿದವು. ಪುಣೆಗೆ ತುಕಾರಾಮ, ಬೆಂಗಳೂರಿಗೆ ಪುರಂದರದಾಸ ಎಂಬ ಈ ಏರ್ಪಾಟು ವ್ಯಾಪಾರದ ಜಾಣತನವೆಂದು ಮೂಗು ಮುರಿಯುವವರಿದ್ದಾರೆ. ಎರಡೂ ಕಡೆ ವಿಠ್ಠಲನೇ ಇರುವಾಗ ನನಗೆ ಆ ಆಕ್ಷೇಪ ಗಟ್ಟಿ ಎನ್ನಿಸುವುದಿಲ್ಲ.

ನನ್ನ ವಾದಕ್ಕೆ ಸುಲಭವಾಗಿ ಒಗ್ಗದವರೆಂದರೆ ಮಲ್ಲಿಕಾರ್ಜುನ ಮನಸೂರರು. ಅಣ್ಣ ಬಸವರಾಜರ ಬೆನ್ನು ಹಿಡಿದು ನಾಟಕಕ್ಕೆ ಬಂದ ಹುಡುಗನನ್ನು ನೀಲಕಂಠಬುವಾ ಮೀರಜಕ್ಕೆ ಕರೆದೊಯ್ದರು. ಮುಂಬೈಯಲ್ಲಿ ಮಂಜೀಖಾನರು ಕಲಿಸಿದರು. ಎಚ್‌ಎಂವಿ ಪ್ಲೇಟು ಮಾಡಿತು. ಅಂದರೆ ಮೇಲೆ ಹೇಳಿದ ಎಲ್ಲ ದಾರಿಗಳೂ ಅವರಿಗೆ ತೆರೆದಿದ್ದವು. ಆದರೂ ಅವರು ಧಾರವಾಡಕ್ಕೆ ಮರಳಿದರು, ಲಘುಗೀತೆಯನ್ನು ಹಿಂದೆ ಬಿಟ್ಟರು, ಸಂಪೂರ್ಣ ಮಾಲಕಂಸದಂಥ ಅಪರೂಪದ ರಾಗಗಳನ್ನೇ ಹಿಡಿದರು. ಪದ್ಮಶ್ರೀ ಬಂದಾಗ 1970, ಅವರಿಗೆ ಅರವತ್ತರ ಹತ್ತಿರ. ಪದ್ಮವಿಭೂಷಣ ಬಂದ 1992ರ ಸೆಪ್ಟೆಂಬರಿನಲ್ಲೇ ತೀರಿಕೊಂಡರು. ಪೇಟೆ ಅವರ ಬಳಿಗೆ ಬರಲು ನಲವತ್ತು ವರ್ಷ ತೆಗೆದುಕೊಂಡಿತು. ಅಷ್ಟು ವರ್ಷ ಕಾಯಲು ಅವರಿಗೆ ಸಾಧ್ಯವಾದದ್ದರಲ್ಲಿ 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿಯ ಪಾಲು ದೊಡ್ಡದು: ಊರು ಬಿಡದೆ ಹಾಡಲು ಒಂದು ಮೈಕು, ಸಲಹೆಗಾರನ ಹುದ್ದೆ, ತಿಂಗಳ ಸಂಬಳ. ಅದೇ ದಶಕಗಳಲ್ಲಿ ಏಣಗಿ ಬಾಳಪ್ಪನವರ 'ಕಲಾವೈಭವ ನಾಟ್ಯ ಸಂಘ' ಪ್ರತಿ ಕ್ಯಾಂಪಿನ ಬಾಡಿಗೆಯನ್ನು ಟಿಕೀಟಿನ ಹಣದಿಂದಲೇ ಹುಟ್ಟಿಸಬೇಕಿತ್ತು.