ಮಗಳ ಮಗ ಯಾರ ಲೆಕ್ಕ?

ಫೆಬ್ರವರಿ ತಿಂಗಳು ಬಂತೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಪರೀಕ್ಷೆಯ ಮಾತಿಗಿಂತ ಆದಾಯ ತೆರಿಗೆಯ ಮಾತೇ ಹೆಚ್ಚು. ವಿಮೆಯ ರಸೀದಿ, ಸಾಲದ ಕಂತಿನ ಚೀಟಿ, ಮಕ್ಕಳ ಶಾಲೆಯ ಫೀ ರಸೀದಿ ಎಲ್ಲವೂ ವ್ಯಾನಿಟಿ ಬ್ಯಾಗುಗಳಿಂದ ಹೊರಬರುತ್ತವೆ. ವರ್ಷವಿಡೀ ಲೆಕ್ಕ ಇಡದವರೂ ಆ ತಿಂಗಳು ಲೆಕ್ಕಿಗರಾಗುತ್ತಾರೆ. 2019ರ ಫೆಬ್ರವರಿಯಲ್ಲಿ ನಾನೂ ಒಂದು ರಸೀದಿ ಹಿಡಿದು ಗುಮಾಸ್ತರ ಮೇಜಿನ ಮುಂದೆ ನಿಂತೆ. ಒಂದನೆಯ ತರಗತಿಯ ಬೋಧನಾ ಶುಲ್ಕ, 18,000 ರೂಪಾಯಿ.

“ಅಕ್ಕೋರೆ, ಇದು ಯಾರದ್ದು?” ಎಂದರು ಅವರು.

“ನಮ್ಮನೆ ಮಾಣಿದು.”

“ನಿಮ್ಮ ಮಗನದ್ದಾ?”

“ಮಗಳ ಮಗನದ್ದು.”

ಅವರು ರಸೀದಿಯನ್ನು ಮೆಲ್ಲಗೆ ನನ್ನತ್ತ ಸರಿಸಿದರು. “ಮೊಮ್ಮಕ್ಕಳದ್ದು ಬರೂದಿಲ್ಲ ಅಕ್ಕೋರೆ. ಸ್ವಂತ ಮಕ್ಕಳದ್ದು ಮಾತ್ರ.”

ಕಾನೂನು ಅವರು ಮಾಡಿದ್ದಲ್ಲವಲ್ಲ, ಅವರ ಮೇಲೆ ಸಿಟ್ಟು ಮಾಡುವಂತಿರಲಿಲ್ಲ. ಆದರೂ ಆ ‘ಸ್ವಂತ’ ಎನ್ನುವ ಶಬ್ದ ನನ್ನ ಹಿಂದೆಯೇ ಕುಮಟೆಯ ಬಸ್ ಸ್ಟ್ಯಾಂಡಿನವರೆಗೂ ಬಂತು.

ನಮಗೆ ಒಬ್ಬಳೇ ಮಗಳು. ಹೊನ್ನಾವರಕ್ಕೆ ಮದುವೆ ಮಾಡಿ ಕೊಟ್ಟಿದ್ದೆವು. ಶರಾವತಿ ಸೇತುವೆ ದಾಟಿದರೆ ಅವಳ ಮನೆ, ಅರ್ಧ ತಾಸಿನ ದಾರಿ ಎಂಬ ಸಮಾಧಾನ ನನಗಿತ್ತು. 2013ರಲ್ಲಿ ಅಳಿಯ ತೀರಿಕೊಂಡರು. ಆಗ ಅವಳಿಗೆ 23, ಮಾಣಿಗೆ ಒಂದು ವರ್ಷ. ಹದಿಮೂರನೆಯ ದಿನ ಕಳೆದ ಮೇಲೆ ನಮ್ಮವರು ಹೋಗಿ ಇಬ್ಬರನ್ನೂ ಕರೆದುಕೊಂಡು ಬಂದರು. ಅಂದಿನಿಂದ ನಮ್ಮ ಮನೆಯ ಗಂಜಿಯ ತಪ್ಪಲೆ ದೊಡ್ಡದಾಯಿತು. ಮಗಳು ಖಾಸಗಿ ಆಫೀಸೊಂದರಲ್ಲಿ ಲೆಕ್ಕ ಬರೆಯಲು ಸೇರಿದಳು. ತಿಂಗಳಿಗೆ 8,000 ರೂಪಾಯಿ ಸಂಬಳ. ಮಾಣಿಯ ಫೀ ನಾನು ಕಟ್ಟುತ್ತಿದ್ದೆ. ತೆರಿಗೆ ಕಟ್ಟುವಷ್ಟು ಸಂಬಳ ಇದ್ದದ್ದು ನನಗೆ, ಫೀ ಕಟ್ಟಿದ್ದೂ ನಾನು. ಆದರೆ ವಿನಾಯಿತಿಗೆ ಹಕ್ಕಿದ್ದದ್ದು ತೆರಿಗೆಯೇ ಬಾರದ ಮಗಳಿಗೆ! ಆಕೆ ಫೀ ಕಟ್ಟಿದರೂ ಆ ವಿನಾಯಿತಿಯಿಂದ ಆಕೆಗೆ ಒಂದು ಕಾಸಿನ ಉಪಯೋಗವಿರಲಿಲ್ಲ.

ಮರುದಿನ ಗುಮಾಸ್ತರೇ ಒಂದು ಉಪಾಯ ಹೇಳಿದರು. “ನಿಮಗೆ ಗಂಡುಮಕ್ಕಳಿಲ್ಲವಲ್ಲ, ಮಾಣಿಯನ್ನು ದತ್ತು ತಗೊಳ್ಳಿ. ಕಾನೂನಿನಲ್ಲಿ ದತ್ತುಮಗನೂ ಮಗನೇ.” ನಾನು ಲೆಕ್ಕ ಹಾಕಿದೆ. ಶೇಕಡಾ 20 ತೆರಿಗೆ, ಅದರ ಮೇಲೆ ಶೇಕಡಾ 4 ಸೆಸ್. ವರ್ಷಕ್ಕೆ 3,744 ರೂಪಾಯಿ ಉಳಿಯುತ್ತದೆ. ಮಾಣಿಗೆ ಬೂಟು, ಮಳೆಗಾಲಕ್ಕೆ ರೇನ್‌ಕೋಟು, ವರ್ಷದ ಪಟ್ಟಿ ಪುಸ್ತಕ ಎಲ್ಲ ಅದರಲ್ಲಿ ಬಂದೀತು. ಸುಳ್ಳು ಹೇಳಲಾರೆ, ಒಂದು ರಾತ್ರಿ ನನಗೆ ಆಸೆಯಾಯಿತು.

ಇತಿಹಾಸ ಕಲಿಸುವವಳಿಗೆ ಏನೇ ಕಂಡರೂ ಅದರ ಹಿಂದಿನದ್ದನ್ನು ಕೆದಕುವ ಚಟ. ಮಗಳ ಮಗ ಯಾರ ಲೆಕ್ಕಕ್ಕೆ ಸೇರಿದವ ಎಂಬ ಪ್ರಶ್ನೆ ನನ್ನ ರಸೀದಿಯಿಂದ ಹುಟ್ಟಿದ್ದಲ್ಲ ಎಂದು ಆಗಲೇ ಗೊತ್ತಾದದ್ದು.

ಇಡೀ ದೇಶದ ದೊಡ್ಡ ಪಾಲು ಹಿಂದೂಗಳ ಆಸ್ತಿ ಹಕ್ಕನ್ನು ನಿರ್ಣಯಿಸಿದ ‘ಮಿತಾಕ್ಷರಾ’ ಹುಟ್ಟಿದ್ದು ನಮ್ಮ ಕನ್ನಡ ನಾಡಿನಲ್ಲೇ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಈಗಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಅದನ್ನು ಬರೆದ. ಪಾಲಾಗಿ ಬೇರೆ ಇದ್ದವನು ಗಂಡುಸಂತಾನವಿಲ್ಲದೆ ಸತ್ತರೆ ಆಸ್ತಿ ಮೊದಲು ಹೆಂಡತಿಗೆ, ಆಮೇಲೆ ಮಗಳಿಗೆ, ಆಮೇಲೆ ಮಗಳ ಮಗನಿಗೆ. ತಂದೆತಾಯಿ, ಅಣ್ಣತಮ್ಮಂದಿರೆಲ್ಲ ಅವನ ನಂತರ. ಯಾಜ್ಞವಲ್ಕ್ಯನ ಮೂಲ ಶ್ಲೋಕದಲ್ಲಿ ಮಗಳ ಮಗನ ಹೆಸರಿಲ್ಲ. ಅಲ್ಲಿರುವ ‘ಚ’ ಎಂಬ ಒಂದೇ ಒಂದು ಅಕ್ಷರದೊಳಗೆ ವಿಜ್ಞಾನೇಶ್ವರ ಅವನನ್ನು ಕಂಡ. ‘ಮತ್ತು’ ಎಂದರೆ ಮಗಳ ಮಗನೂ ಸೇರಿದ ಎಂದ. ಅದನ್ನು ಓದಿದಾಗ ಮೊಮ್ಮಗನನ್ನು ಎತ್ತಿ ಆಡಿಸಿದವನೇ ಹೀಗೆ ಅರ್ಥ ಹೇಳಿರಬೇಕು ಅನಿಸಿತು ನನಗೆ.

ಆದರೆ ದತ್ತಿನ ಮಾತು ಬಂದಾಗ ಶಾಸ್ತ್ರವೇ ಬೇರೆ. 1899ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಮೇಲ್ಜಾತಿಗಳವರು ಮಗಳ ಮಗನನ್ನು ದತ್ತು ತೆಗೆದುಕೊಳ್ಳುವಂತಿಲ್ಲ ಎಂದು ತೀರ್ಪು ಕೊಟ್ಟಿತು. ದಕ್ಷಿಣದಲ್ಲಿ ಮಾತ್ರ ಅದು ರೂಢಿಯಲ್ಲಿದೆ ಎಂದು ಮದ್ರಾಸ್ ಹೈಕೋರ್ಟು ಅದಕ್ಕೂ ಮೊದಲೇ ಒಪ್ಪಿತ್ತು. 1956ರ ಹಿಂದೂ ದತ್ತಕ ಮತ್ತು ಪೋಷಣೆ ಕಾಯ್ದೆ ಆ ಹಳೆಯ ನಿಷೇಧವನ್ನು ತೆಗೆಯಿತು. ಗುಮಾಸ್ತರು ಹೇಳಿದ ಉಪಾಯಕ್ಕೆ ದಾರಿ ಆದದ್ದು ಹಾಗೆ. ಆದರೆ ಅದೇ ಕಾಯ್ದೆಯಲ್ಲಿ ‘ಅವಲಂಬಿತರು’ ಎಂಬ ಪಟ್ಟಿಯೊಂದಿದೆ. ಅದರಲ್ಲಿ ವಿಧವೆಯಾದ ಮಗಳಿದ್ದಾಳೆ, ತೀರಿಹೋದ ಮಗನ ಮಕ್ಕಳಿದ್ದಾರೆ. ಮಗಳ ಮಕ್ಕಳಿಲ್ಲ. ವಿಧವೆ ಮಗಳು ಬರಿಗೈಯಲ್ಲೇ ತವರಿಗೆ ಬರುತ್ತಾಳೆ ಎಂದುಕೊಂಡರೇನೋ ಕಾಯ್ದೆ ಬರೆದವರು! ಕಂಕುಳಲ್ಲಿದ್ದ ಕೂಸು ಅವರಿಗೆ ಕಾಣಲಿಲ್ಲ.

ನನ್ನ ತವರು ಭಟ್ಕಳ ತಾಲೂಕು. ಅಲ್ಲಿಂದ ತೆಂಕಕ್ಕೆ ಶಿರೂರು ದಾಟಿದರೆ ಹಳೆಯ ದಕ್ಷಿಣ ಕನ್ನಡ. ಒಂದೇ ಕೆನರಾ ಜಿಲ್ಲೆಯಾಗಿದ್ದದ್ದನ್ನು ಬ್ರಿಟಿಷರು ಒಡೆದು, 1862ರಲ್ಲಿ ನಮ್ಮ ಉತ್ತರದ ಭಾಗವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ತೆಂಕಣದ ಪಾಲು ಮದ್ರಾಸಿನಲ್ಲೇ ಉಳಿಯಿತು. ಅಲ್ಲಿ ಬಂಟರು ಮೊದಲಾದವರಲ್ಲಿ ಅಳಿಯಸಂತಾನದ ಪದ್ಧತಿ. ಹೆಣ್ಣಿನ ಕಡೆಯಿಂದ ಕುಟುಂಬ ಬೆಳೆಯುತ್ತದೆ, ಹೆಣ್ಣಿನ ಮಕ್ಕಳೇ ಕುಟುಂಬದವರು. 1949ರಲ್ಲಿ ಮದ್ರಾಸ್ ಸರ್ಕಾರ ಅದಕ್ಕೊಂದು ಕಾಯ್ದೆಯನ್ನೂ ಮಾಡಿತು. ಅಲ್ಲಿಯ ಅಜ್ಜಿಗೆ ‘ಮಗಳ ಮಗ ನಿಮ್ಮವನಾ?’ ಎಂದು ಕೇಳಿದ್ದರೆ ನಕ್ಕುಬಿಡುತ್ತಿದ್ದಳು. ಮಳೆ ಅದೇ, ಕಡಲೂ ಅದೇ. ಲೆಕ್ಕ ಮಾತ್ರ ಬೇರೆ.

ಇನ್ನು ತೆರಿಗೆಯ ವಿಷಯ. ನಮ್ಮ ಸರ್ಕಾರವೂ ಒಂದು ಕಾಲದಲ್ಲಿ ತೆರಿಗೆ ಹಾಕುವಾಗ ಮನೆಯ ಮಕ್ಕಳನ್ನು ಎಣಿಸುತ್ತಿತ್ತು. 1958ರ ಹೊತ್ತಿಗೆ ಮದುವೆಯಾಗದವರಿಗೆ 1,000 ರೂಪಾಯಿವರೆಗಿನ ಆದಾಯಕ್ಕೆ ತೆರಿಗೆ ಇರಲಿಲ್ಲ, ಮದುವೆಯಾದವರಿಗೆ 3,000ದವರೆಗೆ. ಒಂದು ಮಗುವಿದ್ದರೆ 3,300, ಎರಡಿದ್ದರೆ 3,600. ಮುಂದೆ ಆ ಪದ್ಧತಿ ಹೋಯಿತು. 2003ರಲ್ಲಿ ಮಕ್ಕಳ ಬೋಧನಾ ಶುಲ್ಕಕ್ಕೆ ರಿಯಾಯಿತಿ ಬಂತು. ಅದು ಎರಡು ಮಕ್ಕಳವರೆಗೆ, ಅದೂ ಹೆತ್ತವರಿಗೆ ಅಥವಾ ದತ್ತು ಪಡೆದವರಿಗೆ. ವಿಚಿತ್ರ ನೋಡಿ, ಅದೇ ಆದಾಯ ತೆರಿಗೆ ಕಾನೂನಿಗೆ ಉಡುಗೊರೆಯ ಹೊತ್ತಿಗೆ ಮೊಮ್ಮಗ ನೆನಪಾಗುತ್ತಾನೆ! ಅಜ್ಜಿ ಮೊಮ್ಮಗನಿಗೆ ಎಷ್ಟೇ ದುಡ್ಡು ಕೊಡಲಿ, ಅವನು ‘ಸಂಬಂಧಿಕ’, ಆ ಉಡುಗೊರೆಗೆ ತೆರಿಗೆಯಿಲ್ಲ. ಕೈಗೆ ಕೊಟ್ಟರೆ ನನ್ನವನು, ಶಾಲೆಗೆ ಕಟ್ಟಿದರೆ ನನ್ನವನಲ್ಲ.

ಇದೆಲ್ಲ ಓದಿ ಮುಗಿಸಿ ಒಂದು ಸಂಜೆ ಮಗಳ ಹತ್ತಿರ ದತ್ತಿನ ಮಾತು ತೆಗೆದೆ. ಅವಳು ದೋಸೆಗೆ ಅಕ್ಕಿ ರುಬ್ಬುತ್ತಿದ್ದಳು. ಮಿಕ್ಸಿ ನಿಲ್ಲಿಸಿದಳು.

“ದತ್ತು ಕೊಟ್ರೆ ಕಾಗದದಲ್ಲಿ ಮಾಣಿ ನಿನ್ನ ಮಗ ಆಗ್ತಾನೆ. ಹೌದಾ ಆಯಿ?”

“ಕಾಗದದಲ್ಲಿ ಮಾತ್ರ. ಮನೆಯಲ್ಲಿ ಯಾವುದೂ ಬದಲಾಗೂದಿಲ್ಲ.”

“ಹಾಗಾದ್ರೆ ಕಾಗದದಲ್ಲಿ ನಾನು ಅವನಿಗೆ ಏನಾಗ್ತೆ? ಅಕ್ಕನಾ?”

ನನಗೆ ಉತ್ತರ ಹೊಳೆಯಲಿಲ್ಲ. ಅವಳು ಹೇಳಿದ್ದು ನಿಜ. ದತ್ತಾದ ದಿನದಿಂದ ಹುಟ್ಟಿದ ಮನೆಯ ಸಂಬಂಧ ಕಡಿದು, ಹೊಸ ಮನೆಯ ಸಂಬಂಧ ಶುರುವಾಗುತ್ತದೆ ಎಂದು ಅದೇ 1956ರ ಕಾಯ್ದೆ ಹೇಳುತ್ತದೆ. ನಾನು ಅದನ್ನು ಓದಿದ್ದೆ, ಮಗಳ ಮುಖ ನೆನೆದು ಓದಿರಲಿಲ್ಲ.

“ಅವರ ಹೆಸರು ಉಳಿದಿರೂದು ಮಾಣಿಯ ಹೆಸರಿನ ಹಿಂದೆ ಮಾತ್ರ ಆಯಿ,” ಎಂದಳು ಮತ್ತೆ. “ಅದನ್ನೂ ಅಳಿಸೂದು ಬೇಡ. ದುಡ್ಡಿಲ್ಲದಿದ್ರೆ ಕನ್ನಡ ಶಾಲೆಗೆ ಹಾಕ್ತೆ.” ಅಷ್ಟು ಹೇಳಿ ಮಿಕ್ಸಿ ತಿರುಗಿಸಿದಳು. ಆ ಸದ್ದಿನಲ್ಲಿ ಅವಳು ಅತ್ತಳೋ ಇಲ್ಲವೋ ನನಗೆ ತಿಳಿಯಲಿಲ್ಲ.

ಅವಳು ನಮ್ಮನ್ನು ಅವಲಂಬಿಸಿದವಳು ಎಂದೇ ನಾನು ಎಣಿಸಿದ್ದೆ. ಊಟ ನಮ್ಮದು, ಸೂರು ನಮ್ಮದು, ಫೀ ನನ್ನದು. ಹಾಗೆಂದು ಅವಳ ತಾಯ್ತನವನ್ನೂ ನನ್ನ ಲೆಕ್ಕಕ್ಕೆ ಸೇರಿಸಿಕೊಳ್ಳಲು ಹೊರಟಿದ್ದೆನಲ್ಲ! 3,744 ರೂಪಾಯಿಗೆ. ತವರಿನಲ್ಲಿರುವ ಹೆಣ್ಣಿಗೆ ತನ್ನದು ಎನ್ನುವುದು ಎಷ್ಟಿರುತ್ತದೆ? ಅದರಲ್ಲಿ ಮಗ ಮೊದಲನೆಯವನು.

ಮಗುವಿನ ವಿಷಯದಲ್ಲಿ ತಾಯಿಯ ಸಹಿಗೆ ಬೆಲೆ ಬರುವುದಕ್ಕೇ ಈ ದೇಶದಲ್ಲಿ ಎಷ್ಟೊಂದು ವರ್ಷ ಬೇಕಾಯಿತು. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ಬಾಂಡ್ ಕೊಳ್ಳಲು ಹೋದಾಗ ತಂದೆಯ ಸಹಿ ಕೇಳಿದರು. ಅವರು ಸುಪ್ರೀಂ ಕೋರ್ಟಿನವರೆಗೆ ಹೋದದ್ದರಿಂದ, ತಂದೆ ಬದುಕಿದ್ದಾಗಲೂ ತಾಯಿ ಸಹಜ ಪೋಷಕಿಯಾಗಬಲ್ಲಳು ಎಂಬ ತೀರ್ಪು 1999ರಲ್ಲಿ ಬಂತು. ತಾಯಿಯೊಬ್ಬಳೇ ಸಾಕುತ್ತಿದ್ದರೆ ಪ್ಯಾನ್ ಕಾರ್ಡಿನ ಅರ್ಜಿಗೆ ತಂದೆಯ ಹೆಸರು ಕಡ್ಡಾಯವಲ್ಲ ಎಂದದ್ದು 2018ರ ಡಿಸೆಂಬರಿನಲ್ಲಿ, ನಾನು ರಸೀದಿ ಹಿಡಿದು ನಿಂತದ್ದಕ್ಕೆ ಎರಡೇ ತಿಂಗಳ ಮೊದಲು. ಇಷ್ಟು ಕಷ್ಟಪಟ್ಟು ಗಳಿಸಿದ್ದನ್ನು ಹೆತ್ತ ತಾಯಿಯೇ ಕಿತ್ತುಕೊಳ್ಳುವುದೇ?

ಮುಂದಿನ ವರ್ಷದಿಂದ ಫೀಯ ದುಡ್ಡನ್ನು ಮಗಳ ಖಾತೆಗೆ ಹಾಕತೊಡಗಿದೆ. ಅವಳೇ ಹೋಗಿ ಕಟ್ಟಿ, ತನ್ನ ಹೆಸರಿನಲ್ಲಿ ರಸೀದಿ ತರುತ್ತಾಳೆ. ತೆರಿಗೆಯಲ್ಲಿ ಏನೂ ಉಳಿಯಲಿಲ್ಲ. ಆದರೆ ರಸೀದಿಯನ್ನು ಮಡಚಿ ತನ್ನ ಟ್ರಂಕಿನಲ್ಲಿಡುವಾಗಿನ ಅವಳ ಮುಖ ನೋಡಬೇಕಿತ್ತು ನೀವು. ಈಗಂತೂ 2023ರಿಂದ ಹೊಸ ತೆರಿಗೆ ಪದ್ಧತಿಯೇ ಮೊದಲ ಆಯ್ಕೆಯಾಗಿದೆ. ಅದರಲ್ಲಿ ಬೋಧನಾ ಶುಲ್ಕದ ವಿನಾಯಿತಿಯೇ ಇಲ್ಲ. ಯಾರ ಮಗು ಎಂದು ಯಾರೂ ಕೇಳುವುದಿಲ್ಲ.

2011ರ ಜನಗಣತಿಯ ಹೊತ್ತಿಗೆ ನಾನು ಭಟ್ಕಳದಲ್ಲಿ ಶಿಕ್ಷಕಿ. ನಮ್ಮನ್ನೂ ಗಣತಿಗೆ ಹಾಕಿದ್ದರು. ಒಂದು ಮನೆಯಲ್ಲಿ ಗಂಡಂದಿರು ಗಲ್ಫಿನಲ್ಲಿ, ಹೆಣ್ಣುಮಕ್ಕಳಿಬ್ಬರೂ ತಮ್ಮ ಮಕ್ಕಳೊಂದಿಗೆ ತವರಿನಲ್ಲಿ. ಮಕ್ಕಳನ್ನು ಯಾರ ಮನೆಗೆ ಬರೆಯಲಿ ಎಂದು ನಾನು ಪೆನ್ನು ಹಿಡಿದು ಕುಳಿತೆ. ತರಬೇತಿಯಲ್ಲಿ ಹೇಳಿದ್ದು ನೆನಪಾಯಿತು: ಒಟ್ಟಿಗೆ ಇದ್ದು ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ. ಮನೆಯ ಅಜ್ಜಿ ಬಾಗಿಲ ಹಿಂದಿನಿಂದ, “ಎಲ್ಲ ಇಲ್ಲೇ ಉಣ್ಣೂದು, ಇಲ್ಲೇ ಬರೀರಿ” ಎಂದಳು. ನಾನು ಬರೆದೆ.

ನಾಳೆ ಗಣತಿಯವರು ನಮ್ಮ ಬಾಗಿಲಿಗೆ ಬಂದರೆ ನಾನೂ ಹಾಗೆಯೇ ಹೇಳುವವಳು. ಒಲೆ ಒಂದು, ಉಣ್ಣುವವರು ನಾಲ್ವರು. ಮಾಣಿ ಏನಾಗಬೇಕು ಎಂದು ಕೇಳಿದರೆ ಮಗಳ ಮಗ ಎನ್ನುತ್ತೇನೆ. ಮಗಳ ಹೆಸರು ಮೊದಲು, ನನ್ನದು ಆಮೇಲೆ.