ಹೈದರಾಬಾದಿನ ಗುತ್ತಿಗೆ ನಿಕಾಹ್‌ಗಳು: ಕಾಗದಕ್ಕೆ ಸಹಿ ಹಾಕಿದವರು ಯಾರು?

1991ರ ಆಗಸ್ಟ್ ತಿಂಗಳು. ಹೈದರಾಬಾದಿನಿಂದ ದೆಹಲಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್ ವಿಮಾನದಲ್ಲಿ ಸುಮಾರು ಹತ್ತು ವರ್ಷದ ಹುಡುಗಿಯೊಬ್ಬಳು ಅಳುತ್ತಾ ಕೂತಿದ್ದಳು. ಜೊತೆಯಲ್ಲಿದ್ದವನು ಅರವತ್ತರ ಆಸುಪಾಸಿನ ಸೌದಿ ಪ್ರಜೆ. ಗಗನಸಖಿ ಅಮೃತಾ ಅಹ್ಲುವಾಲಿಯಾ ಹತ್ತಿರ ಹೋಗಿ ವಿಚಾರಿಸಿದರು. ಈತನ ಜೊತೆ ನಿಕಾಹ್ ಮಾಡಿ ಕಳಿಸಿದ್ದಾರೆಂದು ಹುಡುಗಿ ಹೇಳಿದಳು. ದೆಹಲಿಯಲ್ಲಿ ಪೊಲೀಸರು ಅವನನ್ನು ಬಂಧಿಸಿದರು. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ಹೈದರಾಬಾದಿನಲ್ಲಿದ್ದವರಾದರೆ ಖಂಡಿತ ನೆನಪಿರುತ್ತದೆ. ಆ ಹುಡುಗಿಯ ಹೆಸರು, ಫೋಟೋ ದೇಶದ ಪತ್ರಿಕೆಗಳಲ್ಲೆಲ್ಲಾ ಬಂದಿತ್ತು. ನಾನಿಲ್ಲಿ ಬರೆಯುವುದಿಲ್ಲ. ಇವತ್ತಿನ ಕಾನೂನಿನ ಪ್ರಕಾರ ಹಾಗೆ ಹೆಸರು ಹಾಕುವುದೇ ಅಪರಾಧ.

ಈ ಘಟನೆಯನ್ನು ನಾವು ಗಗನಸಖಿಯೊಬ್ಬರ ಕರುಣೆಯ ಕತೆಯಾಗಿ ಹೇಳಿಕೊಂಡು ಬಂದಿದ್ದೇವೆ. ಕರುಣೆ ಇತ್ತು, ನಿಜ. ಆದರೆ ಮಗುವನ್ನು ಕಾಯುವುದು ಅವರ ಕೆಲಸವಾಗಿರಲಿಲ್ಲ. ಯಾರ ಕೆಲಸವಾಗಿತ್ತೋ ಅವರೆಲ್ಲ ಎಲ್ಲಿದ್ದರು? ವಿಮಾನ ಹತ್ತುವವರೆಗೂ ಆ ಮಗುವನ್ನು ಒಬ್ಬರೂ ಯಾಕೆ ತಡೆಯಲಿಲ್ಲ? ಇದನ್ನು ಕೇಳದೆ ಹೋದರೆ ಮುಂದಿನ ಇಪ್ಪತ್ತಾರು ವರ್ಷದ ಇತಿಹಾಸ ಅರ್ಥವಾಗುವುದಿಲ್ಲ.

ಮೊದಲು ಹೈದರಾಬಾದೇ ಯಾಕೆ ಎಂಬುದನ್ನು ನೋಡೋಣ. ನಿಜಾಮರ ಸೈನ್ಯದಲ್ಲಿ ಯೆಮನಿನ ಹದ್ರಮೌತ್ ಕಡೆಯಿಂದ ಬಂದ ಅರಬರಿದ್ದರು. ಅವರ ಬ್ಯಾರಕ್‌ಗಳಿದ್ದ ಜಾಗವೇ ಇವತ್ತಿನ ಬಾರ್ಕಾಸ್. ಅಲ್ಲಿಯವರಿಗೂ ಅರಬ್ ನಾಡಿಗೂ ನೆಂಟಸ್ತನ ತಲೆಮಾರುಗಳದ್ದು, ಅದರಲ್ಲಿ ತಪ್ಪೇನೂ ಇಲ್ಲ. 1948ರ ಪೊಲೀಸ್ ಕಾರ್ಯಾಚರಣೆಯ ನಂತರ ನಿಜಾಮರ ಸೈನ್ಯ ಹೋಯಿತು, ಅರಮನೆ ಮತ್ತು ಜಾಗೀರುಗಳನ್ನು ನಂಬಿದ್ದ ಸಾವಿರಾರು ಮನೆಗಳ ಅನ್ನವೂ ಹೋಯಿತು. (ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಇದೇ ರಾಜ್ಯದಲ್ಲಿದ್ದವು, ಹಾಗಾಗಿ ನಮ್ಮಲ್ಲಿ ಹಲವರಿಗೆ ಇದು ಪಕ್ಕದ ಮನೆಯ ಕತೆಯಲ್ಲ.) ಹಳೇ ನಗರದಲ್ಲಿ ಬಡತನ ಬೇರೂರಿತು. 1970ರ ದಶಕದಲ್ಲಿ ಕೊಲ್ಲಿ ದೇಶಗಳಿಗೆ ತೈಲದ ದುಡ್ಡು ಬಂತು. ಹಳೆಯ ನೆಂಟಸ್ತನದ ದಾರಿಯಲ್ಲೇ ದಲ್ಲಾಳಿಗಳು ನಡೆದು ಬಂದರು.

ಯಾರಿಗೂ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಕೊಲ್ಲಿಯಿಂದ ಬಂದವನಿಗೆ ಬಡ ಹುಡುಗಿಯನ್ನು ಮಾರುವುದನ್ನೇ ಕತೆಯಾಗಿಟ್ಟುಕೊಂಡು ಸಾಗರ್ ಸರಹದಿ 'ಬಾಜಾರ್' ಚಿತ್ರ ತೆಗೆದಿದ್ದು 1982ರಲ್ಲಿ. ಅದು ನಡೆಯುವುದೂ ಹೈದರಾಬಾದಿನಲ್ಲೇ. ಜನ ಅದರ ಹಾಡುಗಳನ್ನು ಗುನುಗಿದರು, ಅಷ್ಟೆ.

ಈಗ ಕಾಗದಗಳಿಗೆ ಬನ್ನಿ. ಇಂಥ ಒಬ್ಬ ಹುಡುಗಿ ದೇಶ ದಾಟಬೇಕಾದರೆ ಎಷ್ಟು ಕೈಗಳ ಸಹಿ ಬೇಕು, ಲೆಕ್ಕ ಹಾಕಿ. ನಿಕಾಹ್‌ನಾಮಾಕ್ಕೆ ಖಾಜಿಯ ಸಹಿ, ಇಬ್ಬರು ಸಾಕ್ಷಿಗಳ ಸಹಿ. ಪಾಸ್‌ಪೋರ್ಟಿಗೆ ಅಧಿಕಾರಿಯ ಸಹಿ, ಅದಕ್ಕೂ ಮುಂಚೆ ಪೊಲೀಸ್ ಪರಿಶೀಲನೆ. ವೀಸಾಕ್ಕೆ ರಾಯಭಾರ ಕಚೇರಿಯ ಮುದ್ರೆ. ಕೊನೆಗೆ ವಿಮಾನ ನಿಲ್ದಾಣದಲ್ಲಿ ಮುಖ ನೋಡಿ ಮುದ್ರೆ ಒತ್ತುವವನು. ಇವರಲ್ಲಿ ಪ್ರತಿಯೊಬ್ಬರೂ ಹಿಂದಿನವನ ಸಹಿ ನೋಡಿದರೇ ಹೊರತು ಹುಡುಗಿಯ ಮುಖ ನೋಡಲಿಲ್ಲ. ಕಾಗದದಲ್ಲಿ ಹದಿನೆಂಟು ಅಂತಿದ್ದರೆ ಹದಿನೆಂಟು, ಮುಗೀತು.

ಕಾನೂನು ಕೂಡ ಸಡಿಲವಾಗಿಯೇ ಇತ್ತು. 1880ರ ಖಾಜಿಗಳ ಕಾಯ್ದೆಯಡಿ ಸರ್ಕಾರವೇ ಖಾಜಿಯನ್ನು ನೇಮಿಸಬಹುದು. ಆದರೆ ನಿಕಾಹ್‌ಗೆ ಖಾಜಿ ಇರಲೇಬೇಕೆಂದೇನೂ ಇಲ್ಲ ಅಂತ ಅದೇ ಕಾಯ್ದೆ ಹೇಳುತ್ತದೆ. ಅಂದರೆ ಖಾಜಿಗೆ ಸರ್ಕಾರದ ಗೌರವವುಂಟು, ಅದಕ್ಕೆ ತಕ್ಕ ಹೊಣೆ ಇಲ್ಲ. 1929ರ ಬಾಲ್ಯವಿವಾಹ ತಡೆ ಕಾಯ್ದೆಯನ್ನು 1978ರಲ್ಲಿ ತಿದ್ದಿ ಹುಡುಗಿಯ ವಯಸ್ಸನ್ನು 18ಕ್ಕೆ ಏರಿಸಿದರು. ಶಿಕ್ಷೆ ಮಾತ್ರ ಹೆಚ್ಚೆಂದರೆ ಮೂರು ತಿಂಗಳ ಸಾದಾ ಸಜೆ. ವಾರಂಟ್ ಅಥವಾ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ಬಂಧಿಸುವಂತೆಯೂ ಇರಲಿಲ್ಲ. ಮದುವೆ ರದ್ದಾಗುತ್ತಲೂ ಇರಲಿಲ್ಲ.

1991ರ ಪ್ರಕರಣ ಮುಂದೇನಾಯಿತು? ಹುಡುಗಿಯನ್ನು ದೆಹಲಿಯ ನಾರಿ ನಿಕೇತನಕ್ಕೆ ಕಳಿಸಿದರು. ಆರೋಪಿ ನಿಕಾಹ್‌ನಾಮಾ ಮುಂದಿಟ್ಟು ಇದು ಮದುವೆ ಎಂದ. ಅಹ್ಲುವಾಲಿಯಾ ಆ ಮಗುವಿಗಾಗಿ ದೆಹಲಿ ಹೈಕೋರ್ಟಿನವರೆಗೂ ಹೋದರು. ಮಗು ಸರ್ಕಾರಿ ಆಶ್ರಯದ ಗೋಡೆಗಳ ಒಳಗಿತ್ತು, ಆತ ಜಾಮೀನು ಪಡೆದು ಹೊರಗಿದ್ದ. ಆಮೇಲೆ ದೇಶ ಬಿಟ್ಟೇ ಹೋದ. ಹುಡುಗಿ ಕೊನೆಗೆ ತಂದೆತಾಯಿಯ ಮನೆ ಸೇರಿದಳು.

ಹೊರಗೆ ನಡೆದ ಚರ್ಚೆ ಇನ್ನೂ ಬೇಸರದ್ದು. ಶಾಬಾನು ಪ್ರಕರಣದ ಗಾಯ ಆರಿರಲಿಲ್ಲ, ಅಯೋಧ್ಯೆಯ ಕಾವು ಏರುತ್ತಿತ್ತು. ಒಂದು ಕಡೆಯವರಿಗೆ ಇದು "ಮುಸ್ಲಿಮರು ಹೀಗೇ" ಎನ್ನಲು ಸಿಕ್ಕ ಸಾಕ್ಷಿ. ಇನ್ನೊಂದು ಕಡೆಯವರಿಗೆ ಮುಚ್ಚಿಡಬೇಕಾದ ಮಾನ. ಎರಡೂ ಕಡೆಯವರು ಷರಿಯತ್ತಿನ ಹೆಸರು ಹಿಡಿದು ಜಗಳಾಡಿದರು. ಆದರೆ ನೀವೇ ಯೋಚಿಸಿ: ಈ ದಂಧೆಯಲ್ಲಿ ಷರಿಯತ್ತು ಎಲ್ಲಿದೆ? ಹುಡುಗಿಯ ಒಪ್ಪಿಗೆ ಬೇಕು, ಅದು ಇಲ್ಲ. ಮಹರ್ ಅವಳ ಕೈಗೆ ಸೇರಬೇಕು, ಅದನ್ನು ದಲ್ಲಾಳಿ, ಮನೆಯವರು ಹಂಚಿಕೊಂಡರು. ಇಷ್ಟು ದಿನಕ್ಕೆ ಎಂದು ಗೊತ್ತುಮಾಡಿದ ನಿಕಾಹ್ ಸುನ್ನಿ ಫಿಕ್ಹ್‌ನಲ್ಲಿ ಸಿಂಧುವೇ ಅಲ್ಲ, ಇಲ್ಲಿ ತಲಾಖಿನ ಕಾಗದವನ್ನೂ ನಿಕಾಹ್ ದಿನವೇ ಬರೆಸಿಕೊಳ್ಳುವುದಿತ್ತು. ಇದ್ದತ್ ಮುಗಿಯುವ ಮುಂಚೆ ಮತ್ತೊಬ್ಬನಿಗೆ ತೋರಿಸುವುದೂ ನಡೆಯುತ್ತಿತ್ತು. ಧರ್ಮದ ಹೆಸರಿನ ಮುದ್ರೆ ಒಂದು ಬಿಟ್ಟರೆ ಉಳಿದಿದ್ದೆಲ್ಲ ಸಂತೆ ವ್ಯಾಪಾರ.

ಇದು ಹೈದರಾಬಾದಿಗಷ್ಟೇ ಸೀಮಿತವೂ ಅಲ್ಲ. ಮಲಬಾರಿನಲ್ಲಿ ಇದಕ್ಕೆ 'ಅರಬಿ ಕಲ್ಯಾಣ' ಅಂತಲೇ ಹೆಸರಿತ್ತು. 2013ರ ಜೂನ್‌ನಲ್ಲಿ ಕೋಝಿಕ್ಕೋಡಿನ ಒಂದು ಅನಾಥಾಲಯದಲ್ಲಿ ಬೆಳೆಯುತ್ತಿದ್ದ 17 ವರ್ಷದ ಹುಡುಗಿಯನ್ನು ಯುಎಇ ಪ್ರಜೆಯೊಬ್ಬನಿಗೆ ಕೊಟ್ಟರು. ಕೆಲವೇ ವಾರಗಳಲ್ಲಿ ಅವನು ಬಿಟ್ಟು ಹೋದ. ಪೊಲೀಸರು ಅನಾಥಾಲಯದವರ ಮೇಲೂ ಕೇಸು ಹಾಕಬೇಕಾಯಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದು. ಅದೇ ತಿಂಗಳು 18 ತುಂಬದ ಮುಸ್ಲಿಂ ಹುಡುಗಿಯರ ಮದುವೆಯನ್ನೂ ನೋಂದಾಯಿಸಬಹುದೆಂದು ಕೇರಳದ ಸರ್ಕಾರಿ ಇಲಾಖೆಯೊಂದು ಸುತ್ತೋಲೆ ಹೊರಡಿಸಿತ್ತು! ಗಲಾಟೆಯಾದ ಮೇಲೆ ತಿದ್ದಿಕೊಂಡರು.

ಅಷ್ಟರಲ್ಲಿ ಕಾನೂನು ಬಿಗಿಯಾಗಿತ್ತು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ 12ನೇ ಸೆಕ್ಷನ್ ಓದಿ: ಮದುವೆಗೆಂದು ಮಾರಿದ, ಅಥವಾ ಮದುವೆಯ ನಂತರ ಮಾರಾಟಕ್ಕೆ, ಸಾಗಾಟಕ್ಕೆ ಒಳಗಾದ ಅಪ್ರಾಪ್ತೆಯ ಮದುವೆ ಮದುವೆಯೇ ಅಲ್ಲ. 2012ರಲ್ಲಿ ಪೋಕ್ಸೋ ಬಂತು. ವೈಯಕ್ತಿಕ ಕಾನೂನಿಗಿಂತ 2006ರ ಕಾಯ್ದೆ ಮೇಲೋ ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ ತೀರ್ಪಿನಲ್ಲೂ ಬಗೆಹರಿಸಲಿಲ್ಲ. ಆ ಚರ್ಚೆ ನಡೆಯಲಿ. ಮಕ್ಕಳ ಮಾರಾಟ ಯಾರ ವೈಯಕ್ತಿಕ ಕಾನೂನೂ ಅಲ್ಲ, ಅದಕ್ಕೆ ಪೋಕ್ಸೋ ಮತ್ತು ದಂಡಸಂಹಿತೆ ಎಲ್ಲರಿಗೂ ಒಂದೇ.

ಆದರೂ 2017ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಪೊಲೀಸರು ಬಲೆ ಬೀಸಿದಾಗ ಸಿಕ್ಕಿದ್ದೇನು? ಒಮಾನ್ ಮತ್ತು ಕತಾರಿನ 8 ಮಂದಿ. ಜೊತೆಗೆ 3 ಖಾಜಿಗಳು, ಅವರಲ್ಲಿ ಒಬ್ಬರು ಮುಂಬೈಯವರು. ದಲ್ಲಾಳಿಗಳು, ಲಾಡ್ಜ್ ಮಾಲೀಕರು. ಸುಳ್ಳು ವಯಸ್ಸಿನ ನಿಕಾಹ್ ಕಾಗದ ಮಾಡಿಕೊಟ್ಟರೆಂಬುದು ಆರೋಪ. ಗಮನಿಸಿ, 1991ರಲ್ಲಿ ಕಟಕಟೆಯ ಕಡೆಗೆ ಬೆರಳು ತೋರಿದ್ದು ವರನಿಗೆ ಮತ್ತು ತಂದೆತಾಯಿಗೆ. ಸಹಿ ಹಾಕಿದವರನ್ನೂ ಜಾಗ ಕೊಟ್ಟವರನ್ನೂ ಒಟ್ಟಿಗೆ ಹಿಡಿದಿದ್ದು ಇಲ್ಲಿ. ಅದಕ್ಕೆ ಇಷ್ಟು ವರ್ಷ ಬೇಕಾಯಿತು. ಪಾಸ್‌ಪೋರ್ಟ್, ವೀಸಾದ ಕಡೆಯವರು ಮಾತ್ರ ಆ ಪಟ್ಟಿಯಲ್ಲಿರಲಿಲ್ಲ.

ಪೋಕ್ಸೋದ 19ನೇ ಸೆಕ್ಷನ್ ನಿಮಗೂ ಅನ್ವಯಿಸುತ್ತದೆ. ಮಗುವಿನ ಮೇಲೆ ಇಂಥ ಅಪರಾಧ ನಡೆದಿದೆ, ನಡೆಯಲಿದೆ ಎಂದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಸುಮ್ಮನಿದ್ದರೆ ಆರು ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. 1098ಕ್ಕೆ ಕರೆ ಮಾಡಿದರೂ ಆಗುತ್ತದೆ. 2017ರ ಆ ಬಂಧನಗಳಿಗೆ ಮುಂಚೆ ಹಳೇ ನಗರದ ತಾಯಿಯೊಬ್ಬರು ಠಾಣೆಗೆ ಹೋಗಿ, ಎಪ್ಪತ್ತರ ಆಸುಪಾಸಿನ ಒಮಾನಿಗೆ ನಿಕಾಹ್ ಮಾಡಿಸಿ ಕಳಿಸಿದ ತನ್ನ 16 ವರ್ಷದ ಮಗಳನ್ನು ವಾಪಸ್ ಕರೆಸಿಕೊಡಿ ಎಂದು ದೂರು ಬರೆದು ಕೊಟ್ಟಿದ್ದರು.