ಬತ್ತಿದ ಕೆರೆಗೆ ಮೀನು ಬರುವ ದಾರಿ: ಕಿತ್ತೂರು ಸೀಮೆಯ ಸಣ್ಣ ಕೆರೆಗಳ ಮೀನುಸಂತತಿ ಮತ್ತು ಗಾಳದ ಬೇಟೆ

ಒಳನಾಡು ಮೀನುಗಾರಿಕೆಯ ಬರಹಗಳಲ್ಲಿ ಒಂದು ನಂಬಿಕೆ ಹೆಚ್ಚು ತಕರಾರಿಲ್ಲದೆ ನಡೆದುಬಂದಿದೆ. ಬೇಸಿಗೆಗೆ ಬತ್ತುವ ಸಣ್ಣ ಕೆರೆಗೆ ತನ್ನದೆನ್ನುವ ಮೀನುಸಂತತಿ ಇಲ್ಲ. ಬಿತ್ತನೆ ಮರಿ ಬಿಟ್ಟ ವರ್ಷ ಮೀನುಂಟು, ಬಿಡದ ವರ್ಷ ಇಲ್ಲ. ನಡುವೆ ಬಲೆಗೆ ಬೀಳುವ ಸಣ್ಣಪುಟ್ಟ ನಾಡಮೀನು ಮರಿಯ ಜೊತೆ ಕಣ್ತಪ್ಪಿ ಬಂದ ‘ಕಳೆ ಮೀನು’. ಇದರಲ್ಲಿ ಮೊದಲ ಎರಡು ಮಾತುಗಳಿಗೆ ಅರ್ಧ ಒಪ್ಪಿಗೆ ಕೊಡಬಹುದು. ಮೂರನೆಯದು ಮಾತ್ರ ಕಿತ್ತೂರು, ಬೈಲಹೊಂಗಲ ಭಾಗದ ಕೆರೆಗಳಿಗೆ ಹೊಂದುವುದಿಲ್ಲ ಎಂಬುದು ಈ ಲೇಖನದ ವಾದ. ಗಾಳ ಹಾಕುವವನಿಗೆ ಇಲ್ಲಿ ಏನು ಸಿಕ್ಕೀತು ಎಂಬ ಪ್ರಶ್ನೆಗೂ ಉತ್ತರ ಹೊರಡುವುದು ಅಲ್ಲಿಂದಲೇ.

ಹಿಂದಿನ ಕೆಲಸವನ್ನು ಚುಟುಕಾಗಿ ನೋಡಿ ಮುಂದೆ ಹೋಗಬಹುದು. ದಖ್ಖನಿನ ಮೀನುಗಳನ್ನು ಮೊದಲು ಕ್ರಮವಾಗಿ ವಿವರಿಸಿದವನು ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್. 1830ರ ದಶಕದ ಕೊನೆಗೆ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಮುಂದೆ ಬಂದ ಅವನ ಪ್ರಬಂಧದ ಮೀನುಗಳಲ್ಲಿ ಬಹುಪಾಲು ಭೀಮೆಯ ಕಡೆಯವು. ಫ್ರಾನ್ಸಿಸ್ ಡೇ 1873ರ ವರದಿಯಲ್ಲೂ 1875–78ರ ‘ದಿ ಫಿಶಸ್ ಆಫ್ ಇಂಡಿಯಾ’ದಲ್ಲೂ ಆ ಪಟ್ಟಿಯನ್ನು ತಿದ್ದಿ ಬೆಳೆಸಿದ. ಕೃಷ್ಣೆ ಮತ್ತು ಅದರ ಉಪನದಿಗಳ ಮಟ್ಟಿಗೆ ಕೆ. ಸಿ. ಜಯರಾಂ ಅವರ 1995ರ ಸಮೀಕ್ಷೆಯೇ ಇಂದಿಗೂ ಕೈಗೆ ಬರುವ ಆಕರ. ಇವೆಲ್ಲ ಹೊಳೆಯ ಮೀನಿನ ಕಥೆ. ಕೆರೆಗೆ ಇವುಗಳಲ್ಲಿ ಸಿಗುವ ಜಾಗ ಸಣ್ಣದು.

ಗಾಳದ ಬೇಟೆಗೆ ನಮ್ಮ ನಾಡಿನಲ್ಲಿ ಇನ್ನೂ ಹಳೆಯ ದಾಖಲೆಯಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ ಮತ್ಸ್ಯವಿನೋದ ಭಾಗವನ್ನು ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ವಿಶ್ಲೇಷಿಸಿದರು. ಸವದತ್ತಿಯ ರಟ್ಟರು ಆ ಚಾಲುಕ್ಯರ ಮಾಂಡಲಿಕರೇ ಆದ್ದರಿಂದ ಆ ಗ್ರಂಥ ನಮ್ಮ ಸೀಮೆಗೆ ತೀರ ಹೊರಗಿನದಲ್ಲ. ಮೀನಿಗೆ ಬಗೆಬಗೆಯ ಉಣಿಸು ಹಾಕಿ, ಆಮೇಲೆ ಗಾಳ ಇಳಿಬಿಡುವ ಅರಸನ ವಿನೋದವೂ ಒಂದು ರೀತಿಯಲ್ಲಿ ಸಾಕಿದ ಮೀನಿನ ಬೇಟೆಯೇ. ನಮ್ಮ ಪ್ರಶ್ನೆ ಸಾಕದೆ ಬಂದ ಮೀನಿನದು.

ಒಪ್ಪಬೇಕಾದ್ದನ್ನು ಮೊದಲು ಒಪ್ಪೋಣ. ಕಾಟ್ಲಾ, ರೋಹು, ಮೃಗಾಲ್ ಈ ಮೂರೂ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಅವಕ್ಕೆ ಮಳೆಗಾಲದ ಹೊಳೆಯ ಸೆಳವು ಬೇಕು. 1957ರಲ್ಲಿ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಬಿತ್ತನೆ ಮರಿ ಎಲ್ಲ ಊರುಗಳಿಗೂ ತಲುಪುವ ದಾರಿ ತೆರೆಯಿತು. ಕಿತ್ತೂರಿನ ತುಂಬುಗೆರೆಯಂಥ ಕೆರೆಯಲ್ಲಿ ಕಾಟ್ಲಾ ಸಿಕ್ಕರೆ ಅದನ್ನು ತಂದು ಬಿಟ್ಟವರು ಮನುಷ್ಯರು ಎನ್ನುವುದಕ್ಕೆ ಬೇರೆ ಪುರಾವೆ ಬೇಡ. 1952ರಲ್ಲಿ ಭಾರತಕ್ಕೆ ಬಂದ ತಿಲಾಪಿಯಾದ ಮೂಲವೂ ಹಾಗೆಯೇ. ಆದರೆ ಅದು ಮೊಟ್ಟೆಯನ್ನು ಬಾಯಲ್ಲೇ ಕಾಯುವ ಮೀನು. ಒಮ್ಮೆ ಹೊಕ್ಕ ಮೇಲೆ ಯಾರ ಸಹಾಯವನ್ನೂ ಕೇಳುವುದಿಲ್ಲ.

ಇಳುವರಿಯ ಲೆಕ್ಕದಲ್ಲೂ ವಿವಾದವಿಲ್ಲ. ವಿ. ವಿ. ಸುಗುಣನ್ 1995ರಲ್ಲಿ ದೇಶದ ಜಲಾಶಯಗಳ ಅಂಕಿಗಳನ್ನು ಒಟ್ಟುಗೂಡಿಸಿದಾಗ, ಸಾವಿರ ಹೆಕ್ಟೇರಿಗಿಂತ ಸಣ್ಣವುಗಳ ಸರಾಸರಿ ಹೆಕ್ಟೇರಿಗೆ 49.9 ಕಿಲೋ, ಐದು ಸಾವಿರ ದಾಟಿದವುಗಳದು 11.43 ಕಿಲೋ ಎಂದು ಕಂಡಿತು. ಸಣ್ಣ ನೀರು ಹೆಚ್ಚು ಕೊಡುತ್ತದೆ ಎಂಬುದು ಇದರಿಂದ ಸ್ಪಷ್ಟ. ಆದರೆ ಇದು ಬಲೆಗಾರನ ಅಳತೆ. ದಂಡೆಯ ಮೇಲೆ ಕೋಲು ಹಿಡಿದು ಕೂತವನಿಗೆ ಹೆಕ್ಟೇರಿನ ಕಿಲೋಗಿಂತ ಮುಖ್ಯವಾದದ್ದು ಯಾವ ಜಾತಿ, ಯಾವ ತಿಂಗಳು, ಕೆರೆಯ ಯಾವ ಮೂಲೆ ಎಂಬುದು.

ಈಗ ತಕರಾರಿನ ವಿಷಯ. ಮೇ ತಿಂಗಳಲ್ಲಿ ಅಂಗಳ ಬಿರುಕು ಬಿಟ್ಟ ಕೆರೆಯಲ್ಲಿ ಆಗಸ್ಟಿಗೆ ಮೀನು ಹೇಗೆ ಕಾಣಿಸುತ್ತದೆ? ಇದು ಎರಡು ಶತಮಾನದ ಜಗಳ. ‘ಬ್ರಿಟಿಷ್ ಮೀನುಗಳ ಚರಿತ್ರೆ’ ಬರೆದ ವಿಲಿಯಂ ಯಾರೆಲ್, ಹಿಂದಿನ ಮಳೆಗಾಲದ ಮೊಟ್ಟೆಗಳು ಒಣಗಿದ ಕೆಸರಿನಲ್ಲಿ ಜೀವ ಹಿಡಿದಿದ್ದು ಮುಂದಿನ ಮಳೆಗೆ ಒಡೆಯುತ್ತವೆ ಎಂದ. ಸಿಲೋನಿನಲ್ಲಿದ್ದ ಜೇಮ್ಸ್ ಎಮರ್ಸನ್ ಟೆನೆಂಟ್ 1861ರಲ್ಲಿ ಅದನ್ನು ಅಲ್ಲಗಳೆದ. ಅವನ ಪ್ರಕಾರ ಹುದುಗಿರುವುದು ಮೊಟ್ಟೆಯಲ್ಲ, ಬೆಳೆದ ಮೀನೇ. ಯಾರೆಲ್‌ನ ಊಹೆ ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ಕೆಲವು ಕಿಲ್ಲಿ ಮೀನುಗಳ ವಿಷಯದಲ್ಲಿ ನಿಜವಾಗಿಬಿಟ್ಟಿತು ಎಂಬುದು ತಮಾಷೆಯ ಸಂಗತಿ. ನಮ್ಮ ಕೆರೆಗಳ ಮೀನುಗಳಲ್ಲಿ ಮಾತ್ರ ಅಂಥ ಒಣ ತಡೆಯುವ ಮೊಟ್ಟೆ ದಾಖಲಾಗಿಲ್ಲ. ಹಾಗಾಗಿ ಯಾರೆಲ್‌ನನ್ನು ಇಲ್ಲಿಗೆ ಬಿಡಬಹುದು.

ಟೆನೆಂಟ್‌ನನ್ನು ಅಷ್ಟು ಸುಲಭವಾಗಿ ಬಿಡಲಾಗದು. ಕೊರವ ಮೀನು, ಚೇಳುಮೀನು, ಕ್ಲೇರಿಯಸ್ ಕುಲದ ನಾಡಮೀನು ಇವು ನೇರವಾಗಿ ಗಾಳಿ ಉಸಿರಾಡಬಲ್ಲವು. ನೀರು ಇಂಗಿದರೂ ತೇವದ ಕೆಸರಿನಲ್ಲಿ ದಿನ ದೂಡಬಲ್ಲವು. ಕೊರವದ ಮಟ್ಟಿಗೆ ಟೆನೆಂಟ್ ಗೆದ್ದಿದ್ದಾನೆ. ಆದರೆ ಕೆರೆಯಲ್ಲಿ ಕಾಣುವ ಸಣ್ಣ ಪಂಟಿಯಸ್‌ಗಳಿಗೆ, ಹಳೆ ಮೈಸೂರಿನವರು ಪಕ್ಕೆ ಎನ್ನುವ ಜಾತಿಗಳಿಗೆ, ಈ ಶಕ್ತಿಯಿಲ್ಲ. ನೀರು ಹೋದ ದಿನವೇ ಅವು ಸಾಯುತ್ತವೆ. ಮರಿ ಮಾರುವವರ ಚೀಲದಲ್ಲಿ ಬೆರಕೆಯಾಗಿ ಬಂದವು ಎಂಬ ವಾದ ನಿಂತಿರುವುದು ಈ ಜಾತಿಗಳ ಮೇಲೆಯೇ.

ಆ ವಾದಕ್ಕೆ ನನ್ನ ಆಕ್ಷೇಪ ಕಾಲದ್ದು. ಟೆನೆಂಟ್ ಮತ್ತು ಡೇ ಬರೆಯುವ ಹೊತ್ತಿಗೆ ಹಳ್ಳಿಗಳಿಗೆ ಬಿತ್ತನೆ ಮರಿ ಹಂಚುವ ವ್ಯವಸ್ಥೆ ಇರಲಿಲ್ಲ, ಆದರೂ ಬತ್ತಿ ತುಂಬಿದ ಕೆರೆಗಳಲ್ಲಿ ಮೀನು ಹಠಾತ್ತನೆ ಕಾಣಿಸುವುದು ಆಗಲೇ ಚರ್ಚೆಯ ವಿಷಯವಾಗಿತ್ತು. 1957ರ ನಂತರದ ಕಾರಣ ಹೇಳಿ 1861ರ ಸಂಗತಿಯನ್ನು ವಿವರಿಸಲಾಗದು. ಬೆರಕೆ ಎಂಬುದೇ ಇಲ್ಲವೆಂದು ಇದರಿಂದ ಸಾಬೀತಾಗುವುದಿಲ್ಲ. ಅದಿಲ್ಲದೆಯೂ ಇನ್ನೊಂದು ದಾರಿ ಇತ್ತು ಎಂಬಷ್ಟು ಮಾತ್ರ ಸಾಬೀತಾಗುತ್ತದೆ.

ಆ ದಾರಿ ಹಕ್ಕಿಯದೇ? 2018ರ ಒಂದು ವಿಮರ್ಶಾ ಲೇಖನ, ನೀರುಹಕ್ಕಿಗಳು ಮೀನನ್ನು ಹರಡುತ್ತವೆ ಎಂಬ ನಂಬಿಕೆ ಎಷ್ಟು ವ್ಯಾಪಕವೋ ಅದಕ್ಕೆ ಪುರಾವೆ ಅಷ್ಟೇ ತೆಳು ಎಂದಿತ್ತು. ಎರಡೇ ವರ್ಷದಲ್ಲಿ ಹಂಗೆರಿಯ ಸಂಶೋಧಕರು ಬಾತುಗಳಿಗೆ ಗೆಂಡೆಯ ಮೊಟ್ಟೆ ತಿನ್ನಿಸಿ, ಶೇ 0.2ರಷ್ಟು ಮೊಟ್ಟೆಗಳು ಹಿಕ್ಕೆಯಲ್ಲಿ ಒಡೆಯದೆ ಹೊರಬಂದವೆಂದೂ ಅವುಗಳಲ್ಲಿ ಕೆಲವು ಮರಿಯಾದವೆಂದೂ ತೋರಿಸಿದರು. ಸಾಮಾನ್ಯ ಗೆಂಡೆಯ ಮಟ್ಟಿಗೆ ಇದು ಗಟ್ಟಿ ಸುದ್ದಿ. ಆದರೆ ನಮ್ಮ ಸೀಮೆಗೆ ವಲಸೆ ಬಾತುಗಳು ಬರುವುದು ಚಳಿಗಾಲಕ್ಕೆ. ಆಗಸ್ಟಿನಲ್ಲೇ ಕಾಣಿಸುವ ಸಣ್ಣ ಮೀನನ್ನು ನವೆಂಬರಿನ ಅತಿಥಿಯ ಲೆಕ್ಕಕ್ಕೆ ಬರೆಯಲು ಬರುವುದಿಲ್ಲ. ಊರಲ್ಲೇ ಇರುವ ನೀರುಹಕ್ಕಿಗಳ ಪಾತ್ರವನ್ನು ನಾನು ತಳ್ಳಿಹಾಕುವುದಿಲ್ಲ. ಅದು ಮುಖ್ಯ ದಾರಿಯಾಗಿರಲಾರದು ಎನ್ನುತ್ತೇನೆ.

ಉಳಿಯುವುದು ಕೋಡಿ. ಮಲೆನಾಡಿನಲ್ಲಿ ಮುಂಗಾರಿನ ಮೊದಲ ನೆರೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಏರುವುದನ್ನು ‘ಹತ್ತುಮೀನು’ ಎನ್ನುತ್ತಾರೆ. ಅದನ್ನು ಹಿಡಿಯಲು ಇಡೀ ಊರು ಬುಟ್ಟಿ, ಕೂಣಿ, ಬಲೆ ಹಿಡಿದು ಹೊರಡುತ್ತದೆ. ಹಾಗೆ ಏರುವ ಮೀನುಗಳ ಹೊಟ್ಟೆಯಲ್ಲಿ ತತ್ತಿ ತುಂಬಿರುತ್ತದೆ. ಇದು ನನ್ನ ವಾದಕ್ಕೆ ಮುಖ್ಯ. ತತ್ತಿ ಹೊತ್ತ ನಾಲ್ಕಾರು ಹೆಣ್ಣು, ಜೊತೆಗೆ ಕೆಲವು ಗಂಡು ಒಂದು ರಾತ್ರಿ ಕೋಡಿ ಹತ್ತಿದರೆ ಸಾಕು, ಆ ಕೆರೆಗೆ ಆ ವರ್ಷದ ಸಂತತಿ ಸಿಕ್ಕಂತೆ. ಕಿತ್ತೂರು ಮಲೆನಾಡಿನ ಅಂಚು. ಖಾನಾಪುರದ ಕಾಡು ದೂರವಿಲ್ಲ. ಇಲ್ಲಿನ ಕೆರೆಗಳಿಗೂ ಇದೇ ದಾರಿ ಅನ್ವಯಿಸುತ್ತದೆ ಎನ್ನಲು ಅಡ್ಡಿಯೇನು?

ಒಂದು ಅಡ್ಡಿ ಇದೆ, ಮತ್ತು ಅದು ಸಣ್ಣದಲ್ಲ. ಮೀನು ಏರಲು ಆತುರಪಡುವುದು ಮೊದಲ ನೆರೆಗೆ. ಕೋಡಿ ಬೀಳುವುದು ಕೆರೆ ತುಂಬಿದ ಮೇಲೆ. ಪಶ್ಚಿಮದಲ್ಲಿ ಜೋರು ಮಳೆಯ ವರ್ಷ ಜುಲೈನಲ್ಲೇ ಕೆರೆ ತುಂಬಬಹುದು. ಆಗ ಎರಡೂ ಕೂಡಿಬರುತ್ತವೆ. ಪೂರ್ವಕ್ಕೆ ಸರಿದಂತೆ ಮಳೆ ಬೇಗ ಇಳಿಯುತ್ತದೆ. ರಾಮದುರ್ಗದ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು, ಅದರಲ್ಲೂ ದೊಡ್ಡ ಪಾಲು ಹಿಂಗಾರಿನ ಹೊಸ್ತಿಲಲ್ಲಿ ಬೀಳುತ್ತದೆ. ಅಲ್ಲಿ ಕೋಡಿ ಬಿದ್ದರೂ ಸೆಪ್ಟೆಂಬರ್ ಕೊನೆಗೆ, ಬೀಳದ ವರ್ಷಗಳೇ ಹೆಚ್ಚು. ಅಷ್ಟರಲ್ಲಿ ಏರುವ ಹಂಗಾಮು ಮುಗಿದಿರುತ್ತದೆ. ಕೋಡಿಯ ಕಲ್ಲುಕಟ್ಟು ಎತ್ತರವಿದ್ದು ಕೆಳಗೆ ಮಡು ಇಲ್ಲದಿದ್ದರಂತೂ ಯಾವ ಸಣ್ಣ ಮೀನೂ ಹಾರಿ ಒಳಗೆ ಬರಲಾರದು.

ಆದ್ದರಿಂದ ವಾದವನ್ನು ಎರಡಾಗಿ ಸೀಳಬೇಕಾಗುತ್ತದೆ. ಕೆಳಗಿನಿಂದ ಮೀನು ಹತ್ತಿಬರುವುದು ಕಿತ್ತೂರು ಕಡೆಯ, ತಗ್ಗು ಕೋಡಿಯ ಕೆರೆಗಳಿಗೆ ಮಾತ್ರ. ಒಂದರ ಕೋಡಿ ಇನ್ನೊಂದಕ್ಕೆ ಬೀಳುವ ಸರಣಿ ಕೆರೆಗಳಲ್ಲಿ ಮೀನು ಮೇಲಿನಿಂದ ಕೆಳಗೆ ಕೊಚ್ಚಿಬರುವುದು ಸಾಧ್ಯ, ಮತ್ತು ಅದಕ್ಕೆ ಹಂಗಾಮಿನ ಹಂಗಿಲ್ಲ. ಹಾಗಾದರೆ ಸರಣಿಯ ತಲೆಯ ಕೆರೆಯಲ್ಲಿ, ಅಥವಾ ಎಲ್ಲೋ ಒಂದು ಕೆರೆಯ ಅಂಗಳದಲ್ಲಿ, ಬೇಸಿಗೆ ದಾಟುವ ಗುಂಡಿಯೊಂದು ಇರಲೇಬೇಕು. ಹೂಳೆತ್ತುವಾಗ ಅಂಗಳವನ್ನು ಒಂದೇ ಸಮ ಮಾಡಿದರೆ ಆ ಗುಂಡಿಯೂ ಹೋಗುತ್ತದೆ. ನೀರಾವರಿಯ ಲೆಕ್ಕದಲ್ಲಿ ಅದು ಸರಿ, ಮೀನಿನ ಲೆಕ್ಕದಲ್ಲಿ ನಷ್ಟ.

ಈ ಲೇಖನದ ಅತಿ ಧೈರ್ಯದ ಮಾತು ಇನ್ನು ಬರುತ್ತದೆ. ಅಣೆಕಟ್ಟು ಹೊಳೆಯ ಮೀನಿಗೆ ಶತ್ರು ಎಂಬುದು ಸಾಮಾನ್ಯ ತಿಳಿವಳಿಕೆ, ಬಹುಮಟ್ಟಿಗೆ ನಿಜ ಕೂಡ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ 1970ರ ದಶಕದ ಆರಂಭದಲ್ಲಿ ಅಡ್ಡ ನಿಂತ ಕಟ್ಟೆ ಕೂಡಲಸಂಗಮದ ಕಡೆಯಿಂದ ಮೇಲೇರುವ ದೊಡ್ಡ ಮೀನಿನ ದಾರಿಯನ್ನು ಮುಚ್ಚಿತು. ಆದರೆ ಅದೇ ಕಟ್ಟೆ 37.73 ಟಿಎಂಸಿ ನೀರಿನ ರೇಣುಕಾಸಾಗರವನ್ನು ಉಂಟುಮಾಡಿತು. ಕಟ್ಟೆಯ ಮೇಲಣ ಮಲಪ್ರಭೆಗೆ ಇಳಿಯುವ ಹಳ್ಳಗಳ ಕೆರೆಗಳಿಗೆ ಈಗ ಕೆಳಗೊಂದು ಬತ್ತದ ಆಸರೆಯಿದೆ. ಸಣ್ಣ ನಾಡಮೀನಿನ ಮಟ್ಟಿಗೆ, ಕಟ್ಟೆಯ ಮೇಲಿನ ಕೆರೆಗಳು ಕಟ್ಟೆಯ ಕೆಳಗಿನ ರಾಮದುರ್ಗದ ಕೆರೆಗಳಿಗಿಂತ ಬೇಗ ಚೇತರಿಸಿಕೊಳ್ಳುತ್ತವೆ, ಅದಕ್ಕೆ ಜಲಾಶಯವೂ ಒಂದು ಕಾರಣ ಎಂಬುದು ನನ್ನ ಊಹೆ.

ಊಹೆ ಎಂದೇ ಹೇಳುತ್ತೇನೆ. ಮಳೆಯ ವ್ಯತ್ಯಾಸವೊಂದೇ ಇದನ್ನು ವಿವರಿಸಬಹುದು. ಜಲಾಶಯದ ಪಾಲನ್ನು ಮಳೆಯ ಪಾಲಿನಿಂದ ಬೇರ್ಪಡಿಸುವುದು ಕಷ್ಟ. ಮಣ್ಣೂ ಒಂದೇ ಅಲ್ಲ: ಬೈಲಹೊಂಗಲದ ಎರೆನೆಲದ ಕೆರೆಯ ನೀರು ಕದಡಿರುತ್ತದೆ, ಸವದತ್ತಿ ಸುತ್ತಿನ ಕಲಾದಗಿ ಮರಳುಗಲ್ಲಿನ ಗುಡ್ಡಗಳ ನೀರು ಬೇರೆ. ರೈಡರ್ 1965ರಲ್ಲಿ ಕೊಟ್ಟ ಸೂತ್ರದಂತೆ ನೀರಿನಲ್ಲಿ ಕರಗಿದ ಲವಣವನ್ನು ಸರಾಸರಿ ಆಳದಿಂದ ಭಾಗಿಸಿ ಇಳುವರಿ ಅಂದಾಜಿಸಿದರೆ ಎರೆನೆಲದ ತೆಳುನೀರಿನ ಕೆರೆಗಳೇ ಮುಂದೆ ಬರಬೇಕು. ಆದರೆ ಆ ಸೂತ್ರ ಹುಟ್ಟಿದ್ದು ಬತ್ತದ ತಂಪು ಸರೋವರಗಳಿಗೆ. ವರ್ಷಕ್ಕೊಮ್ಮೆ ಸೊನ್ನೆಗೆ ಇಳಿಯುವ ಆಳಕ್ಕೆ ಸರಾಸರಿ ಎಂಬುದೇ ಅರ್ಥಹೀನ. ಜೊತೆಗೆ, ಹಳ್ಳದ ಮೇಲೆ ನಾಡಮೀನು ಬರುವ ದಾರಿಯಲ್ಲಿ ತಿಲಾಪಿಯಾವೂ ಬರುತ್ತದೆ. ಜಲಾಶಯ ಕೊಟ್ಟದ್ದನ್ನು ಅದೇ ಕಸಿದುಕೊಳ್ಳುತ್ತಿರಲೂಬಹುದು.

ಗಾಳ ಹಾಕುವವನ ವಿಷಯಕ್ಕೆ ಬಂದರೆ, ಮೇಲಿನ ವಾದ ಸರಿಯಾಗಿದ್ದ ಪಕ್ಷದಲ್ಲಿ ಅವನ ನಿರೀಕ್ಷೆ ಕಾಟ್ಲಾದ ಮೇಲೆ ನಿಲ್ಲಬೇಕಿಲ್ಲ. ಕಾಟ್ಲಾ, ರೋಹು ಪಾಶುವಾರು ಹಕ್ಕು ಹಿಡಿದವರ ದುಡಿಮೆ. ಐದು ವರ್ಷದ ಗುತ್ತಿಗೆಗೆ ಹಣ ಕಟ್ಟಿ, ಮರಿ ಬಿಟ್ಟು, ಕಾವಲು ಕಾದವರ ಅನುಮತಿಯಿಲ್ಲದೆ ಹಿಟ್ಟಿನುಂಡೆ ಹಾಕಿ ಅವನ್ನು ಎತ್ತುವುದು ಬೇಟೆ ಅನ್ನಿಸಿಕೊಳ್ಳದು. ಸಣ್ಣ ಕೋಲು, ತೆಳು ದಾರ, ಎರೆಹುಳು ಹಿಡಿದವನಿಗೆ ಪಶ್ಚಿಮದ ಕೆರೆಗಳಲ್ಲಿ ಕೋಡಿ ಬಿದ್ದ ನಂತರದ ವಾರಗಳು ಒಳ್ಳೆಯವು. ಆದರೆ ಕೋಡಿಯ ಬಾಯಲ್ಲೇ ಕೂತು ಏರುವ ಮೀನನ್ನು ಎತ್ತಿದರೆ ಆ ವರ್ಷದ ಸಂತತಿಯನ್ನೇ ಎತ್ತಿದಂತೆ. ನಿಜವಾದ ಬೇಟೆಯ ಮೀನು ಕೊರವವೇ. ಪಾಚಿ, ಜೊಂಡಿನ ಅಂಚಿನಲ್ಲಿ ಹೊಂಚಿ ಕೂರುವ ಅದು ಬದುಕಿದ ಕಪ್ಪೆಗೆ ಎಗರುವ ಪರಿಯನ್ನು ಕಂಡವರು ತಿಲಾಪಿಯಾದತ್ತ ಮತ್ತೆ ನೋಡುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ನೀರು ಕುಗ್ಗಿ ಕೊರವ ಗುಂಡಿಗೆ ಕೂಡಿದಾಗ ಹಿಡಿಯುವುದು ಸುಲಭ, ಕೆರೆಗೆ ಹಾನಿಯಾಗುವುದೂ ಆಗಲೇ. ಮಳೆಗಾಲದಲ್ಲಿ ಅದು ಕೆಂಪು ಮರಿಗಳ ಹಿಂಡನ್ನು ಕಾಯುತ್ತಿರುತ್ತದೆ. ತಂದೆತಾಯಿಯನ್ನು ಎತ್ತಿದರೆ ಮರಿಗಳು ಬೇರೆ ಮೀನುಗಳ ಪಾಲು. ಹಾಗೆ ಲೆಕ್ಕ ಹಾಕಿದರೆ ಕೊರವಕ್ಕೆ ಉಳಿಯುವುದು ಅಕ್ಟೋಬರಿನಿಂದ ಫೆಬ್ರುವರಿ. ನೀರು ತಣ್ಣಗಿರುವ, ಮೀನು ಮಂದವಾಗಿರುವ ತಿಂಗಳುಗಳೂ ಅದರಲ್ಲಿ ಸೇರಿವೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಬೆರಕೆಯ ವಾದವನ್ನೂ ಕೋಡಿಯ ವಾದವನ್ನೂ ಒರೆಗೆ ಹಚ್ಚುವುದು ದುಬಾರಿ ಕೆಲಸವಲ್ಲ. ಬಿತ್ತನೆ ಬಿಟ್ಟ ಮತ್ತು ಬಿಡದ ಕೆರೆಗಳನ್ನು ಬೇರೆ ಬೇರೆ ಆರಿಸಿ, ಪ್ರತಿಯೊಂದರ ಕೋಡಿಯ ಎತ್ತರ, ಕೋಡಿ ಬಿದ್ದ ದಿನ, ಅಂಗಳದ ಗುಂಡಿಯ ಬೇಸಿಗೆಯ ಆಳ ಇಷ್ಟನ್ನು ಬರೆದಿಟ್ಟು, ಸಣ್ಣ ಕಣ್ಣಿನ ಬಲೆಯಿಂದ ಜಾತಿಗಳನ್ನು ಎಣಿಸಬೇಕು. ಕೋಡಿಯ ವಾದ ಸರಿಯಾದರೆ ಎತ್ತರದ ಕೋಡಿಯ, ಒಂಟಿ ಕೆರೆಗಳಲ್ಲಿ ಕೊರವ ಇದ್ದು ಪಂಟಿಯಸ್ ಇರಬಾರದು. ಬೆರಕೆಯ ವಾದ ಸರಿಯಾದರೆ ಕೋಡಿ ಹೇಗೇ ಇರಲಿ, ಮರಿ ಬಿಟ್ಟ ಕಡೆಯೆಲ್ಲ ಪಂಟಿಯಸ್ ಇರಬೇಕು. ಜಲಾಶಯದ ಪಾಲು ಎಷ್ಟೆಂಬುದಕ್ಕೆ ಇಷ್ಟು ಸಾಲದು. ಒಂದೇ ಪ್ರಮಾಣದ ಮಳೆ ಬೀಳುವ, ಆದರೆ ಕಟ್ಟೆಯ ಎರಡು ಬದಿಗೆ ಇಳಿಯುವ ಹಳ್ಳಗಳ ಕೆರೆಗಳನ್ನು ಸವದತ್ತಿ ತಾಲ್ಲೂಕಿನಲ್ಲೇ ಹುಡುಕಬೇಕಾಗುತ್ತದೆ. ಅಂಥ ಜೋಡಿಗಳು ಸಾಕಷ್ಟು ಸಿಗುವವೇ ಎಂಬುದು ಇನ್ನೂ ತೀರ್ಮಾನವಾಗಬೇಕಾದ ಪ್ರಶ್ನೆ.